ಲಾಳಿ ಎರಡೆರಡು ಕಾಣ್ತದೆ: 24 ಫ್ರೇಮಿನ ಅನಿಮೇಶನ್ ಚಿತ್ರವನ್ನು ಟಿವಿಯ 25ಕ್ಕೆ ತರೋದು ಹೇಗೆ?

ಪ್ರಶ್ನೆ, ಇಳಕಲ್‌ನಿಂದ:
ಸರ್, ನಮಸ್ಕಾರ. ನಾನು, ಇಬ್ಬರು ಗೆಳೆಯರು ಸೇರಿ ಕೈಮಗ್ಗದ ಮೇಲೆ 10 ನಿಮಿಷದ ಅನಿಮೇಶನ್ ಚಿತ್ರ ಮಾಡಿದ್ದೇವೆ. ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದ್ದೇವೆ. ಲಾಳಿ ಓಡುವ ಶಾಟ್‌ಗಳಲ್ಲಿ ಮಾತ್ರ ಫ್ರೇಮಿಗೊಂದು ಚಿತ್ರ. ಈಗ ಒಂದು ಟಿವಿ ಚಾನೆಲ್‌ನವರು ಹಾಕ್ತೀವಿ ಅಂದಿದ್ದಾರೆ, ಆದರೆ 25 ಫ್ರೇಮ್, 50 ಫೀಲ್ಡ್ (ಒಂದು ಬಿಟ್ಟು ಒಂದು ಸಾಲಿನ ಅರ್ಧ ಫ್ರೇಮ್) ಬೇಕಂತೆ. ಪುಕ್ಕಟೆ ಸಿಕ್ಕ ಒಂದು ಕನ್ವರ್ಟರ್‌ಗೆ ಹಾಕಿದೆ. ಲಾಳಿ ದೆವ್ವದ ಹಾಗೆ ಎರಡೆರಡು ಕಾಣ್ತದೆ. ಬ್ಲೆಂಡಿಂಗ್ ತೆಗೆದು ಮತ್ತೆ ಮಾಡಿದರೆ ಸೆಕೆಂಡಿಗೊಮ್ಮೆ ತಡವರಿಸ್ತದೆ. ಏನು ಮಾಡಲಿ?

ಉತ್ತರ, ಬೆಳಗಾವಿಯಿಂದ (ವಿಡಿಯೋ ಎಡಿಟರ್):
ತಮ್ಮಾ, ಲಾಳಿ ಓಡೋದನ್ನ ಫ್ರೇಮಿಗೊಂದು ಬಿಡಿಸಿದ್ದೀರಿ ಅಂದರೆ ಕೈ ಎಷ್ಟು ನೋವಾಗಿರಬೇಕು ಅಂತ ಗೊತ್ತು. ಅದಕ್ಕೇ ಆ ಕನ್ವರ್ಟರ್ ಮೇಲೆ ಸಿಟ್ಟು ಬರ್ತದೆ.

ಅದು ಮಾಡಿದ್ದು ಇಷ್ಟೇ. ನಿಮ್ಮ ಹತ್ತಿರ ಸೆಕೆಂಡಿಗೆ 24 ಚಿತ್ರ, ಅದಕ್ಕೆ ಬೇಕು 25. ಒಂದು ಕಡಿಮೆ ಬಿತ್ತು. ಮೊದಲ ಸಲ ಅಕ್ಕಪಕ್ಕದ ಎರಡು ಫ್ರೇಮ್ ಕಲಸಿ ನಡುವಿನ ಫ್ರೇಮ್ ಹುಟ್ಟಿಸಿತು, ಲಾಳಿ ಎರಡಾಯಿತು. ಎರಡನೇ ಸಲ ಇದ್ದ ಫ್ರೇಮನ್ನೇ ಸೆಕೆಂಡಿಗೊಮ್ಮೆ ಇನ್ನೊಂದು ಸಲ ತೋರಿಸಿತು, ತಡವರಿಸಿತು. ಕ್ಯಾಮೆರಾದಲ್ಲಿ ತೆಗೆದ ಸಿನಿಮಾದಲ್ಲಿ ಇಂಥದ್ದು ಅಲ್ಪಸ್ವಲ್ಪ ಮುಚ್ಚಿಹೋಗುತ್ತದೆ, ಓಡುವ ವಸ್ತು ಮೊದಲೇ ಮಸುಕಾಗಿರುತ್ತದಲ್ವಾ. ಕೈಯಿಂದ ಎಳೆದ ಗೆರೆ ಹಾಗಲ್ಲ. ಒಂದೇ ಫ್ರೇಮ್ ಕೆಟ್ಟರೂ ಎದ್ದು ಕಾಣುತ್ತದೆ. ಆಪ್ಟಿಕಲ್ ಫ್ಲೋ (ಚಲನೆ ಊಹಿಸಿ ನಡುವಿನ ಫ್ರೇಮ್ ಹುಟ್ಟಿಸೋದು) ಹಾಕಿ ನೋಡಿ ಅಂತ ಯಾರಾದರೂ ಹೇಳಬಹುದು. ಬೇಡ. ಗೆರೆ ಹಿಟ್ಟಿನ ಹಾಗೆ ಜಗ್ಗಿಹೋಗುತ್ತದೆ.

ಹೊಸ ಫ್ರೇಮ್ ಹುಟ್ಟಿಸಲೇಬೇಡಿ. ಇರುವ 14,400 ಫ್ರೇಮ್‌ಗಳನ್ನೇ ಸೆಕೆಂಡಿಗೆ 25ರ ಲೆಕ್ಕದಲ್ಲಿ ಓಡಿಸಿ. ಚಿತ್ರ 9 ನಿಮಿಷ 36 ಸೆಕೆಂಡಿಗೆ ಮುಗಿಯುತ್ತದೆ. ಶೇಕಡಾ 4ರಷ್ಟು ಜೋರು, ಅಷ್ಟೇ. 50 ಫೀಲ್ಡಿನ ದೇಶಗಳ ಟಿವಿಗಳಲ್ಲಿ ಸಿನಿಮಾಗಳನ್ನು ಹೀಗೇ ತೋರಿಸಿಕೊಂಡು ಬಂದಿದ್ದಾರೆ. ನಿಮ್ಮ ಒಂದು ಚಿತ್ರವೂ ಕಳೆಯುವುದಿಲ್ಲ, ಯಾರೋ ಬಿಡಿಸದ ಚಿತ್ರ ಒಂದೂ ಸೇರುವುದಿಲ್ಲ.

ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ತಂತ್ರಾಂಶ ಇದ್ದರೆ ಫೈಲ್ ತರುವ ಮೊದಲೇ ಪ್ರಾಜೆಕ್ಟನ್ನು 25ಕ್ಕೆ ಇಡಿ. ಆಮೇಲೆ ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ 24 ಇದ್ದದ್ದನ್ನು 25 ಮಾಡಿ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇಂಟರ್‌ಪ್ರೆಟ್ ಫೂಟೇಜ್ ಒಳಗೆ ಇದೇ ಕೆಲಸ. ಮೂಲ ಫೈಲ್‌ನಿಂದ ಮಾಡಿ. ಕನ್ವರ್ಟರ್‌ನಿಂದ ಬಂದದ್ದನ್ನು ಅಳಿಸಿಬಿಡಿ, ಮುಂದೆ ಗೊಂದಲ ಆಗ್ತದೆ.

ಗೋಕಾಕದಿಂದ ಒಬ್ಬರು:
ಮೊಬೈಲ್‌ನಲ್ಲಿ ಎಲ್ಲಾ ಫೈಲೂ ಓಡ್ತದಲ್ಲ ಸರ್. ಈ 24, 25, 30 ಅಂತ ಸುಮ್ನೆ ಯಾಕೆ ತಲೆಬಿಸಿ?

ಉತ್ತರ:
ಮೊಬೈಲಿಗೆ ಯಾವುದಾದರೂ ನಡೆಯುತ್ತದೆ, ಪ್ರಸಾರಕ್ಕೆ ನಡೆಯೋದಿಲ್ಲ. ಇದರ ಬೇರು ಕರೆಂಟಿನಲ್ಲಿದೆ. ಅಮೆರಿಕದ ಕರೆಂಟು 60 ಹರ್ಟ್ಜ್, ಅಲ್ಲಿನ ಟಿವಿ 60 ಫೀಲ್ಡ್, 30 ಫ್ರೇಮ್. ನಮ್ಮದು 50 ಹರ್ಟ್ಜ್ (ಕರೆಂಟು ಇದ್ದಾಗ!), ಹಾಗಾಗಿ 50 ಫೀಲ್ಡ್, 25 ಫ್ರೇಮ್. 1953ರಲ್ಲಿ ಅಲ್ಲಿ ಬಣ್ಣ ಬಂದಾಗ ಬಣ್ಣದ ಸಿಗ್ನಲ್ಲು ಧ್ವನಿಯ ಸಿಗ್ನಲ್ಲಿಗೆ ತಾಗಬಾರದು ಅಂತ 30ನ್ನು 29.97ಕ್ಕೆ ಇಳಿಸಿದರು. ಆ ಎನ್‌ಟಿಎಸ್‌ಸಿ ಪದ್ಧತಿ (ಅಮೆರಿಕದ ಟಿವಿಯದ್ದು) ಇವತ್ತಿಗೂ ಎಡಿಟರ್‌ಗಳ ಜೀವ ತಿನ್ನುತ್ತಿದೆ. ದೂರದರ್ಶನ 1982ರಲ್ಲಿ ಬಣ್ಣಕ್ಕೆ ಬಂದಾಗ ನಾವು ಪಾಲ್ ಅನ್ನೋ 50 ಫೀಲ್ಡಿನ ಪದ್ಧತಿ ಹಿಡಿದೆವು. ಈಗ ಎಚ್‌ಡಿ ಬಂದರೂ ನಮ್ಮಲ್ಲಿ ಆ 50 ಹಾಗೇ ಉಳಿದಿದೆ.

ಇಳಕಲ್‌ನಿಂದ:
ಸರ್, ಮಾಡಿದೆ. ಲಾಳಿ ಬೆಣ್ಣೆ ಹಾಗೆ ಓಡ್ತಿದೆ! ಆದರೆ ಹಾಡಿನ ಶ್ರುತಿ ಏರಿಬಿಟ್ಟಿದೆ. ಹಾಡಿದ ಅಜ್ಜಿ ಕೇಳಿ, ಇದು ನನ್ನ ದನಿ ಅಲ್ಲ ಅಂದರು.

ಉತ್ತರ:
ಅಜ್ಜಿಯ ಕಿವಿ ಸರಿ ಇದೆ. 24ರಿಂದ 25ಕ್ಕೆ ಹೋದರೆ ಶ್ರುತಿ ಅರ್ಧಸ್ವರದ ಮುಕ್ಕಾಲು ಪಾಲಿಗೆ ಒಂಚೂರು ಕಡಿಮೆ ಏರುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಹೇಳಬೇಕೆಂದರೆ, ಬಿಳಿ 1ರಲ್ಲಿ ಹಾಡಿದ್ದು ಕರಿ 1 ಮುಟ್ಟುವುದಿಲ್ಲ, ನಡುವೆ ಎಲ್ಲೋ ನೇತಾಡುತ್ತದೆ. ಅಂದರೆ ಪೆಟ್ಟಿಗೆಯಲ್ಲಿ ಇಲ್ಲದ ಶ್ರುತಿ. ಮನೆಮನೆಯಲ್ಲಿ ಹಿಂದೂಸ್ತಾನಿ ಕೇಳುವ ನಮ್ಮ ಕಡೆ ಇದು ಯಾರಿಗಾದರೂ ಗೊತ್ತಾಗುತ್ತದೆ.

ಆಡಾಸಿಟಿ ಅನ್ನೋ ಧ್ವನಿ ತಂತ್ರಾಂಶದಲ್ಲಿ ಚೇಂಜ್ ಟೆಂಪೋ ಅಂತ ಇದೆ. ಅಲ್ಲಿ ಶೇಕಡಾ 4.167 ಹಾಕಿ. ವೇಗ ಮಾತ್ರ ಬದಲಾಗುತ್ತದೆ, ಶ್ರುತಿ ಇದ್ದಲ್ಲೇ ಇರುತ್ತದೆ. ಚೇಂಜ್ ಸ್ಪೀಡ್ ಒತ್ತಬೇಡಿ, ಅದು ಎರಡನ್ನೂ ಏರಿಸುತ್ತದೆ.

ಒಂದು ಮಾತು. ಹಾಡು, ಮಾತು, ಮಗ್ಗದ ಸದ್ದು ಬೇರೆ ಬೇರೆ ಟ್ರ್ಯಾಕಿನಲ್ಲಿ ಇವೆಯಾ? ಇದ್ದರೆ ಹಾಡಿಗೂ ಮಾತಿಗೂ ಮಾತ್ರ ಟೆಂಪೋ ಮಾಡಿ. ಮಗ್ಗದ ಖಟಕ್ ಖಟಕ್‌ಗೆ ಮಾಡಬೇಡಿ. ಆ ಪೆಟ್ಟು ಮೊಂಡಾಗುತ್ತದೆ, ಒದ್ದೆ ಹಲಗೆ ಬಡಿದ ಹಾಗೆ ಕೇಳುತ್ತದೆ. ಅದನ್ನು ಸುಮ್ನೆ ಜೋರು ಓಡಿಸಿ. ಮಗ್ಗಕ್ಕೆ ಶ್ರುತಿ ಇಲ್ಲ, ಯಾರೂ ಕೇಳೋದಿಲ್ಲ.

ವಿಜಯಪುರದಿಂದ ಒಬ್ಬ ಶಿಕ್ಷಕಿ:
ಅಣ್ಣಾವ್ರೇ, ನನ್ನದೂ ಇದೇ ತರಹದ್ದು, ಆದರೆ ಉಲ್ಟಾ. ನಮ್ಮ ತಮ್ಮ ಅಮೆರಿಕದಲ್ಲಿ ಓದುವಾಗ ಮಾಡಿದ 6 ನಿಮಿಷದ ಅನಿಮೇಶನ್ ಡಿವಿಡಿಯಲ್ಲಿದೆ, 29.97. ಮೂಲ ಫೈಲ್ ಹೋಗಿದೆ. ಅದನ್ನೂ 25 ಮಾಡಬಹುದಾ? ನಿಲ್ಲಿಸಿ ನೋಡಿದರೆ ಕೆಲವು ಫ್ರೇಮ್‌ನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಬರುತ್ತವೆ.

ಉತ್ತರ:
ಅಕ್ಕಾವ್ರೇ, ಆ ಬಾಚಣಿಗೆ ಹಲ್ಲು ಕಂಡದ್ದು ಒಳ್ಳೇದೇ ಆಯಿತು. ನಿಮ್ಮ ತಮ್ಮ 24ರಲ್ಲೇ ಬಿಡಿಸಿರಬೇಕು. 24ನ್ನು 30ಕ್ಕೆ ತುಂಬಿಸಲು ಒಂದು ಫ್ರೇಮನ್ನು ಎರಡು ಫೀಲ್ಡ್, ಮುಂದಿನದನ್ನು ಮೂರು ಫೀಲ್ಡ್, ಹೀಗೆ ಹಂಚುತ್ತಾರೆ. ಪುಲ್‌ಡೌನ್ ಅಂತಾರೆ. ಆಗ ಕೆಲವು ಫ್ರೇಮ್‌ಗಳಲ್ಲಿ ಅರ್ಧದಷ್ಟು ಸಾಲು ಒಂದು ಚಿತ್ರದ್ದು, ಅರ್ಧ ಇನ್ನೊಂದರದ್ದು.

ಒಂದೊಂದೇ ಫ್ರೇಮ್ ಮುಂದೆ ಸರಿಸಿ ಎಣಿಸಿ. ಐದರಲ್ಲಿ ಎರಡು ಹಲ್ಲು, ಮೂರು ಸ್ವಚ್ಛ ಬಂದರೆ ಪುಲ್‌ಡೌನ್ ಗ್ಯಾರಂಟಿ. ಆದರೆ ಚಿತ್ರಕ್ಕೆ ಎರಡು ಫ್ರೇಮ್ ನಿಲ್ಲಿಸಿದ ಕಡೆ ಐದರಲ್ಲಿ ಒಂದೇ ಹಲ್ಲು ಸಿಗುತ್ತದೆ. ಇಲ್ಲೇ ಆಟೋಮ್ಯಾಟಿಕ್ ತಂತ್ರಾಂಶಗಳು ಮುಗ್ಗರಿಸೋದು. ಹಿನ್ನೆಲೆ ಸರಿಯುವ ಶಾಟ್ ಹುಡುಕಿ ಅಲ್ಲಿ ಎಣಿಸಿ, ಅಲ್ಲಿ ಫ್ರೇಮಿಗೊಂದು ಚಲನೆ ಇರುವುದೇ ಜಾಸ್ತಿ.

ಎಫ್‌ಎಫ್‌ಎಂಪೆಗ್‌ನಲ್ಲಿ (ಇದೂ ಒಂದು ವಿಡಿಯೋ ತಂತ್ರಾಂಶ) ಫೀಲ್ಡ್‌ಮ್ಯಾಚ್, ಅದರ ಬೆನ್ನಿಗೆ ಡೆಸಿಮೇಟ್ ಅನ್ನೋ ಫಿಲ್ಟರ್ ಹಾಕಿದರೆ 23.976 ಸಿಗುತ್ತದೆ. ಅದನ್ನು ಇಳಕಲ್‌ನ ತಮ್ಮನ ಹಾಗೇ 25ಕ್ಕೆ ಓಡಿಸಿ. ಧ್ವನಿಗೆ ಮಾತ್ರ 4.27 ಹಾಕಬೇಕು. ಅಲ್ಲಿನ ಟಿವಿಯ 480 ಸಾಲನ್ನು ನಮ್ಮ 576ಕ್ಕೆ ಹಿಗ್ಗಿಸೋದು ಇದೆಲ್ಲಾ ಆದ ಮೇಲೆ. ಮೊದಲೇ ಹಿಗ್ಗಿಸಿದರೆ ಹಲ್ಲುಗಳು ಒಂದರೊಳಗೊಂದು ಕಲಸಿಹೋಗಿ ಮತ್ತೆ ಬಿಡಿಸಲು ಬರೋದಿಲ್ಲ.

ಇನ್ನು ಕೊನೆಗೆ ಫೀಲ್ಡ್ ಆರ್ಡರ್, ಅಂದರೆ ಯಾವ ಫೀಲ್ಡ್ ಮೊದಲು ಅನ್ನೋದು, ನೋಡಿ. ನಾನು ಕೆಲಸ ಕಲಿಯುವಾಗ ಒಬ್ಬರ ಚಿತ್ರಕ್ಕೆ ಇದನ್ನೇ ತಿರುವುಮುರುವು ಮಾಡಿ ಕೊಟ್ಟಿದ್ದೆ. ಅದರಲ್ಲೊಂದು ಚಕ್ಕಡಿ ಇತ್ತು. ಗಾಲಿ ಒಂದು ಹೆಜ್ಜೆ ಮುಂದೆ, ಅರ್ಧ ಹಿಂದೆ ನಡುಗುತ್ತಾ ಹೋಗುತ್ತಿತ್ತು. ನನ್ನ ಕಂಪ್ಯೂಟರ್ ಪರದೆಯಲ್ಲಿ ಏನೂ ಗೊತ್ತಾಗಲಿಲ್ಲ, ಟಿವಿಯಲ್ಲಿ ಹಾಕಿದಾಗ ಮಾನ ಹೋಯಿತು.

ಇಳಕಲ್‌ನಿಂದ:
ಸರ್, ಅಜ್ಜಿ ಒಪ್ಪಿದರು. ನೀವು ಹೇಳಿದ ಹಾಗೆ ಟಿವಿಯಲ್ಲಿ ಹಾಕಿ ನೋಡಿದೆ. ಸೀರೆಯ ಚಿಕ್ಕಿ ಪರಾಸ ದಡಿಯ (ಅಂಚಿನ) ಸಣ್ಣ ಗೆರೆಗಳು ಮಿಣಮಿಣ ಅಂತಾವೆ. ಸೀರೆ ಮಡಿಸಿಟ್ಟ ಶಾಟ್‌ನಲ್ಲಿ ಮಾತ್ರ. ನಿಂತವರ ಮೈಮೇಲೆ ಸರಿ ಇದೆ.

ಉತ್ತರ:
ಮಡಿಸಿಟ್ಟಾಗ ದಡಿಯ ಗೆರೆ ಅಡ್ಡ ಬರುತ್ತದಲ್ವಾ? ಅದೇ ಕಾರಣ. ಒಂದು ಫೀಲ್ಡ್ ಅಂದರೆ ಒಂದು ಬಿಟ್ಟು ಒಂದು ಸಾಲು. ಅಡ್ಡ ಗೆರೆ ಒಂದೇ ಸಾಲಿನಷ್ಟು ಸಣ್ಣಗಿದ್ದರೆ ಒಂದು ಫೀಲ್ಡಿನಲ್ಲಿ ಇರುತ್ತದೆ, ಮುಂದಿನದರಲ್ಲಿ ಮಾಯ. ಸೆಕೆಂಡಿಗೆ 25 ಸಲ ಬಂದು ಹೋಗುತ್ತದೆ. ಉದ್ದ ಗೆರೆಗೆ ಈ ಕಾಟ ಇಲ್ಲ.

ಆ ಶಾಟ್‌ಗಳಿಗೆ ಮಾತ್ರ ಮೇಲೆ ಕೆಳಗೆ ಒಂಚೂರು ಬ್ಲರ್ ಹಾಕಿ, ಅಡ್ಡಡ್ಡ ಬೇಡ. ಅದಕ್ಕಿಂತ ಒಳ್ಳೇದು, ಗೆರೆಯನ್ನೇ ದಪ್ಪ ಮಾಡಿ. ಕೇಬಲ್ಲಿನಲ್ಲಿ 576 ಸಾಲಿಗೆ ಇಳಿದರೆ ನಿಮ್ಮ ಎಚ್‌ಡಿಯ 4 ಸಾಲು 2 ಆಗಿಬಿಡುತ್ತದೆ, ಹಾಗಾಗಿ 4ಕ್ಕಿಂತ ಸಣ್ಣ ಅಡ್ಡ ಗೆರೆ ಎಲ್ಲೂ ಬೇಡ. ಸೆರಗಿನ ಕೆಂಪನ್ನೂ ಒಂದು ಕೈ ಇಳಿಸಿ. ಟಿವಿಯಲ್ಲಿ ಬಣ್ಣದ ವಿವರ ಬೆಳಕಿನ ವಿವರಕ್ಕಿಂತ ಕಡಿಮೆ. ಗಾಢ ಕೆಂಪು ಪಕ್ಕದ ಬಿಳಿ ತೆನೆಗೆ ಬಣ್ಣ ಬಿಟ್ಟ ಹಾಗೆ ಕಾಣುತ್ತದೆ. ನೇಕಾರರು ನೋಡಿದರೆ ಬೈತಾರೆ.

ಇಳಕಲ್‌ನಿಂದ:
ಆಯ್ತು ಸರ್. ಇನ್ನೊಂದೇ ಪ್ರಶ್ನೆ. ಚಾನೆಲ್‌ನವರು ಸರಿಯಾಗಿ 10 ನಿಮಿಷ ಬೇಕು ಅಂತಾರೆ. ಈಗ 24 ಸೆಕೆಂಡ್ ಕಡಿಮೆ ಇದೆ. ನೇಯ್ದವರ ಹೆಸರೆಲ್ಲಾ ಕೊನೆಗೆ ಕೆಳಗಿನಿಂದ ಮೇಲಕ್ಕೆ ಓಡಿಸಲಾ?

ಉತ್ತರ:
ಹೆಸರು ಹಾಕಿ, ಓಡಿಸಬೇಡಿ. 25 ಫ್ರೇಮಿನಲ್ಲಿ ಓಡುವ ಅಕ್ಷರ ಕುಂಟುತ್ತದೆ. 4 ಸೆಕೆಂಡಿನ 6 ಕಾರ್ಡ್ ಮಾಡಿ, ದಪ್ಪ ಅಕ್ಷರ. ಅಜ್ಜಿಯ ಹೆಸರು ಮೊದಲ ಕಾರ್ಡಿನಲ್ಲಿ.