ಆರು ವರ್ಷದ ಮಗಳಿಗೆ ಮೊದಲ ಕ್ವಾಡ್ ಬೈಕ್: 50 ಸಿಸಿ ಸಾಕೇ, 90 ಸಿಸಿ ಬೇಕೇ?

ಪುಟ್ಟ ಸವಾರಳ ತಂದೆ (ಪ್ರಶ್ನೆ)

ಮಗಳಿಗೆ ಆರು ವರ್ಷ ತುಂಬಿದೆ. ಸೈಕಲ್ಲನ್ನು ಪಕ್ಕದ ಪುಟ್ಟ ಚಕ್ರಗಳ ಆಸರೆಯಿಲ್ಲದೆ ಓಡಿಸುತ್ತಾಳೆ. ಈಗ ನಾಲ್ಕು ಚಕ್ರದ ಮೋಟಾರು ಗಾಡಿಯಾದ ಕ್ವಾಡ್ ಬೈಕ್ ಬೇಕೆಂದು ಹಟ ಹಿಡಿದಿದ್ದಾಳೆ. ಓಡಿಸಲು ಬೇಲಿ ಹಾಕಿದ ಸ್ವಂತ ಜಾಗವಿದೆ, ರಸ್ತೆಗೆ ಇಳಿಸುವ ಮಾತೇ ಇಲ್ಲ. 50 ಸಿಸಿಯ ಗಾಡಿ ಎರಡೇ ವರ್ಷದಲ್ಲಿ ಚಿಕ್ಕದಾಗಿಬಿಡುತ್ತದೆ, ಆದ್ದರಿಂದ ಒಂದೇ ಸಲ 90 ಸಿಸಿಯದನ್ನು ಕೊಂಡು ವೇಗಕ್ಕೆ ಕಡಿವಾಣ ಹಾಕಿ ಕೊಡುವುದು ಲೇಸೆಂದು ಮನೆಯಲ್ಲಿ ಕೆಲವರು ಹೇಳುತ್ತಿದ್ದಾರೆ. ಇದು ಸರಿಯೇ? ಪೆಟ್ರೋಲಿನದೋ ಬ್ಯಾಟರಿಯದೋ ಎಂಬುದನ್ನೂ ತಿಳಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಮಣ್ಣಿನ ಹಾದಿ

ಬೆಳೆದಾಗ ಸರಿಹೋಗುತ್ತದೆ ಎಂಬ ಲೆಕ್ಕಾಚಾರ ಅಂಗಿಗೆ ಒಪ್ಪಬಹುದು, ಈ ಗಾಡಿಗೆ ಒಪ್ಪುವುದಿಲ್ಲ ಸರ್. ವೇಗಕ್ಕೆ ಕಡಿವಾಣ ಹಾಕಬಹುದು, ತೂಕಕ್ಕೆ ಹಾಕಲಾಗದು. ಆರು ವರ್ಷದ ಮಗು ಸುಮಾರು 20 ಕಿಲೋ ತೂಗುತ್ತದೆ. 50 ಸಿಸಿಯ ಗಾಡಿಯೇ ಅದರ ಮೂರು ನಾಲ್ಕು ಪಟ್ಟು, 90 ಸಿಸಿಯದು ನೂರು ಕಿಲೋ ದಾಟುವುದು ಸಾಮಾನ್ಯ. ಮಗುಚಿ ಮೈಮೇಲೆ ಬಿದ್ದರೆ ಮಗು ಅದನ್ನು ಸರಿಸಲಾರದು.

ಅಮೆರಿಕದ ಮಾನದಂಡದಲ್ಲಿ ಮಕ್ಕಳ ಕ್ವಾಡ್‌ಗಳನ್ನು ಈಗ ಸಿಸಿಯಿಂದಲ್ಲ, ವಯಸ್ಸಿನಿಂದ ವಿಂಗಡಿಸುತ್ತಾರೆ. 6 ವರ್ಷ ಮೇಲ್ಪಟ್ಟವರ ವರ್ಗದಲ್ಲಿ ವೇಗಮಿತಿ ಹಾಕಿದಾಗ ಗಂಟೆಗೆ ಸುಮಾರು 16 ಕಿಲೋಮೀಟರ್, ತೆಗೆದಾಗ 24 ಕಿಲೋಮೀಟರ್ ಮೀರುವಂತಿಲ್ಲ. 90 ಸಿಸಿ ಗಾಡಿಗಳ ಮೇಲೆ ಸಾಮಾನ್ಯವಾಗಿ 10 ಅಥವಾ 12 ವರ್ಷ ಮೇಲ್ಪಟ್ಟವರಿಗೆ ಎಂಬ ಚೀಟಿ ಇರುತ್ತದೆ.

ಕೊಳ್ಳುವ ಮೊದಲು ಮಗಳನ್ನು ಕರೆದೊಯ್ದು ಗಾಡಿಯ ಮೇಲೆ ಹತ್ತಿಸಿ. ಕಾಲಿಡುವ ಕಡೆ ನೆಟ್ಟಗೆ ನಿಂತಾಗ ಸೀಟಿಗೂ ಅವಳಿಗೂ ನಡುವೆ 8ರಿಂದ 15 ಸೆಂಟಿಮೀಟರ್ ಅಂತರ ಇರಬೇಕು. ಕೂತು ಹ್ಯಾಂಡಲನ್ನು ಒಂದು ಬದಿಗೆ ಪೂರ್ತಿ ತಿರುಗಿಸಿದಾಗಲೂ ಮೈ ಮುಂದಕ್ಕೆ ಜಗ್ಗದೆ ಎರಡೂ ಕೈಗೆ ಬ್ರೇಕು, ಹೆಬ್ಬೆರಳಿಗೆ ಆಕ್ಸಿಲರೇಟರ್ ಸಿಗಬೇಕು. ನಿಲ್ಲುವ ಪರೀಕ್ಷೆ ಸುಮ್ಮನೆ ಹೇಳಿದ್ದಲ್ಲ: ಚಿಕ್ಕ ಕ್ವಾಡ್‌ಗಳಲ್ಲಿ ಹಿಂದಿನ ಎರಡು ಚಕ್ರಗಳು ಬಹುಮಟ್ಟಿಗೆ ಒಂದೇ ಅಚ್ಚಿಗೆ ಬಿಗಿದಿದ್ದು ಒಟ್ಟಿಗೇ ಸುತ್ತುವುದರಿಂದ, ಸವಾರರು ತಿರುವಿನ ಒಳಬದಿಗೆ ಮೈ ವಾಲಿಸದಿದ್ದರೆ ಗಾಡಿ ನೇರ ಹೋಗಲು ನೋಡುತ್ತದೆ. ಸೀಟಿನಿಂದ ಏಳಲಾಗದ ಮಗುವಿಗೆ ಅದು ಸಾಧ್ಯವಿಲ್ಲ.

ಮಕ್ಕಳ ವಾರ್ಡಿನ ದಾದಿ

ನನ್ನದು ಭಿನ್ನಾಭಿಪ್ರಾಯ. ಅಮೆರಿಕದ ಮಕ್ಕಳ ವೈದ್ಯರ ಸಂಘಟನೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 16 ವರ್ಷದೊಳಗಿನವರು ಇಂಥ ವಾಹನವನ್ನು ಓಡಿಸಲೇಬಾರದು ಎನ್ನುತ್ತದೆ. 6 ವರ್ಷ ಎಂಬ ಚೀಟಿ ಗಾಡಿಯ ಅಳತೆಯನ್ನು ಹೇಳುತ್ತದೆಯೇ ಹೊರತು ಮಗುವಿನ ವಿವೇಚನೆಯನ್ನಲ್ಲ. ಮೂರು ಚಕ್ರದವುಗಳ ಮಾರಾಟವನ್ನು ತಯಾರಕರು ಅಲ್ಲಿ 1988ರಲ್ಲಿ ನಿಲ್ಲಿಸಿದರು, ಸರಿ. ಆದರೆ ನಾಲ್ಕು ಚಕ್ರದವೂ ಇಳಿಜಾರಿನಲ್ಲಿ ಅಡ್ಡ ಹೋದಾಗ ಪಕ್ಕಕ್ಕೂ, ಏರು ಹತ್ತುವಾಗ ಹಿಂದಕ್ಕೂ ಮಗುಚುತ್ತವೆ. ಸೈಕಲ್ಲಿನ ಸಮತೋಲ ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ. ಕೆಲವು ವರ್ಷ ಕಾಯಿರಿ ಎಂಬುದೇ ನನ್ನ ಸಲಹೆ. ಕೊಂಡೇ ತೀರುವುದಾದರೆ ಗದ್ದವನ್ನೂ ಮುಚ್ಚುವ, ಅವಳ ತಲೆಗೆ ಬಿಗಿಯಾಗಿ ಕೂರುವ ಹೆಲ್ಮೆಟ್, ಕಣ್ಣಿಗೆ ಗಾಗಲ್ಸ್, ಕೈಗವಸು, ಪಾದದ ಗಂಟು ಮುಚ್ಚುವ ಬೂಟು ಇಲ್ಲದೆ ಹತ್ತಿಸಬೇಡಿ. ಹಿಂದೆ ಯಾರನ್ನೂ, ನಿಮ್ಮನ್ನೂ ಸೇರಿಸಿ, ಕೂರಿಸಬೇಡಿ.

ಪುಟ್ಟ ಸವಾರಳ ತಂದೆ

ಇಬ್ಬರಿಗೂ ಧನ್ಯವಾದ. 90 ಸಿಸಿಯ ಯೋಚನೆಯನ್ನು ಕೈಬಿಟ್ಟೆ. ಕಾಯುವ ಬಗ್ಗೆ ಮನೆಯಲ್ಲಿ ಮಾತಾಡುತ್ತೇವೆ ಮೇಡಂ. ಅವಳು ಗಾಬರಿಯಾದರೆ ದೂರದಲ್ಲಿರುವ ನಾನು ಗಾಡಿ ನಿಲ್ಲಿಸುವುದು ಹೇಗೆ?

ಗ್ಯಾರೇಜಿನವರು

ಇದನ್ನು ಮೊದಲೇ ಕೇಳಬೇಕಿತ್ತು. ಮಕ್ಕಳ ಗಾಡಿಗಳಲ್ಲಿ ಎಳೆದರೆ ಎಂಜಿನ್ ಆರುವ ದಾರ ಇರುತ್ತದೆ. ಶುರುವಿನಲ್ಲಿ ಅದನ್ನು ಹಿಡಿದು ಹಿಂದೆಯೇ ನಡೆಯಿರಿ. ಕೆಲವಕ್ಕೆ ರಿಮೋಟ್ ಬರುತ್ತದೆ, ಆದರೆ ಅದರ ಸೆಲ್ ಮುಗಿದಿದ್ದರೆ ಏನೂ ಆಗದು, ಹಾಗಾಗಿ ದಿನವೂ ಒಮ್ಮೆ ಒತ್ತಿ ನೋಡಿಕೊಳ್ಳಬೇಕು. ಹೆಬ್ಬೆರಳಿನ ಆಕ್ಸಿಲರೇಟರಿನ ಡಬ್ಬಿಯ ಮೇಲೊಂದು ಸಣ್ಣ ಸ್ಕ್ರೂ ಇರುತ್ತದೆ; ಅದನ್ನು ಒಳಕ್ಕೆ ತಿರುಗಿಸಿದಷ್ಟೂ ವೇಗ ಇಳಿಯುತ್ತದೆ. ನಡಿಗೆಯ ವೇಗಕ್ಕೆ ಇಳಿಸಿ ಅದರ ನಟ್ಟನ್ನು ಬಿಗಿ ಮಾಡಿ, ಇಲ್ಲವಾದರೆ ಗಾಡಿಯ ನಡುಕಕ್ಕೆ ತಾನೇ ಸಡಿಲಾಗುತ್ತದೆ. ಬೈಕಿನಂತೆ ಹಿಡಿಯನ್ನು ತಿರುಗಿಸುವ ಆಕ್ಸಿಲರೇಟರ್ ಮಾತ್ರ ಬೇಡ: ಮಗು ಹಿಂದಕ್ಕೆ ವಾಲಿದಾಗ ಗಟ್ಟಿಯಾಗಿ ಹಿಡಿದುಕೊಳ್ಳಲು ಹೋಗಿ ಅದನ್ನೇ ಇನ್ನಷ್ಟು ತಿರುಗಿಸಿಬಿಡುತ್ತದೆ.

ಬ್ಯಾಟರಿ ಗಾಡಿಯಲ್ಲಿ ಸದ್ದಿಲ್ಲ, ಸೈಲೆನ್ಸರಿನ ಬಿಸಿಯಿಲ್ಲ. ನಿಮ್ಮ ಕೂಗು ಮಗಳಿಗೆ ಕೇಳಿಸುತ್ತದೆ ಎಂಬುದೇ ದೊಡ್ಡ ಅನುಕೂಲ. ಆದರೆ ಮೋಟಾರು ನಿಂತಲ್ಲಿಂದಲೇ ಜೋರಾಗಿ ಎಳೆಯುತ್ತದೆ, ಆದ್ದರಿಂದ ಒತ್ತಿದಷ್ಟೇ ವೇಗ ಕೊಡುವ, ವೇಗದ ಹಂತಗಳಿಗೆ ಬೀಗವಿರುವ ಮಾದರಿಯನ್ನೇ ಆರಿಸಿ.

ಹಳೆಯ ಗಾಡಿ ನೋಡುವುದಾದರೆ ಮುಂಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಎಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಚಕ್ರ ತಿರುಗಲು ಬಿಡುವ ಗುಂಡು ಕೀಲು) ಸವೆದಿದೆ. ಹ್ಯಾಂಡಲ್ ಎತ್ತ ತಿರುಗಿದ್ದರೂ ಬಿಟ್ಟ ಕೂಡಲೇ ಆಕ್ಸಿಲರೇಟರ್ ತಾನಾಗಿ ಹಿಂದಕ್ಕೆ ಬರಬೇಕು, ಬಾರದಿದ್ದರೆ ಆ ಗಾಡಿ ಬೇಡ.