ಕ್ರೂಸ್ ಪ್ರಶ್ನೋತ್ತರ: ಕಂಪನಿ ನೋಡೋ ಮೊದಲು ಹಡಗು ನೋಡಿ

ಗುಂಪಿನ ಈ ವಾರದ ಪ್ರಶ್ನೋತ್ತರ. ಉತ್ತರ ಕೊಡ್ತಿರೋರು ಇಬ್ಬರು: ಕ್ರೂಸ್ ಬುಕಿಂಗ್ ಮಾಡಿಸೋ ಟ್ರಾವೆಲ್ ಸಲಹೆಗಾರರು, ಮತ್ತು ಹಡಗಿನ ಹೋಟೆಲ್ ವಿಭಾಗದ ಕೆಲಸ ಬಲ್ಲ ಸದಸ್ಯರು.

ಪ್ರಶ್ನೆ (ಜಯನಗರ):
ನಾವು ಆರು ಜನ. ಗಂಡ-ಹೆಂಡತಿ, ಅಪ್ಪ 72, ಅಮ್ಮ 68, ದೊಡ್ಡ ಮಗನಿಗೆ 9, ಚಿಕ್ಕವಳಿಗೆ ಎರಡೂವರೆ ವರ್ಷ. ದಸರಾ ರಜೆಗೆ ಮೂರು-ನಾಲ್ಕು ರಾತ್ರಿ. ಕಾರ್ಡೇಲಿಯಾ, ರಾಯಲ್ ಕೆರಿಬಿಯನ್, ರೆಸಾರ್ಟ್ಸ್ ವರ್ಲ್ಡ್ ಮೂರರ ಕೊಟೇಶನ್ ಕೈಲಿದೆ. ಅಮ್ಮ ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ. ಯಾವ ಕಂಪನಿ ಒಳ್ಳೇದು?

ಸಲಹೆಗಾರರು:
ಮೊದಲು ಮೂರೂ ಕೊಟೇಶನ್‌ನಲ್ಲಿ ಹಡಗಿನ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಬರೆಸಿಕೊಳ್ಳಿ. ಒಂದೇ ಕಂಪನಿಯ ಹಳೇ ಹಡಗಿಗೂ ಹೊಸ ಹಡಗಿಗೂ ಇರೋ ಅಂತರ ಎಷ್ಟೋ ಸಲ ಎರಡು ಕಂಪನಿಗಳ ನಡುವಿನ ಅಂತರಕ್ಕಿಂತ ದೊಡ್ಡದು.

ಕಾರ್ಡೇಲಿಯಾದ ಎಂಪ್ರೆಸ್ 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಹೆಸರಲ್ಲಿ ಸೇವೆಗೆ ಬಂದ ಹಡಗು. ಮೊದಲು ರಾಯಲ್ ಕೆರಿಬಿಯನ್‌ನದೇ ಆಗಿತ್ತು, 2021ರಿಂದ ಭಾರತದಲ್ಲಿ ಓಡ್ತಿದೆ. 48,563 ಗ್ರಾಸ್ ಟನ್ನೇಜ್, ಕ್ಯಾಬಿನ್‌ಗೆ ಇಬ್ಬರಂತೆ ಸುಮಾರು 1,600 ಜನ. ಸಿಂಗಾಪುರದಿಂದ ಹೊರಡೋ ಗೆಂಟಿಂಗ್ ಡ್ರೀಮ್ ರೆಸಾರ್ಟ್ಸ್ ವರ್ಲ್ಡ್‌ನ (2025ರಿಂದ ಸ್ಟಾರ್‌ಡ್ರೀಮ್ ಅನ್ನೋ ಹೆಸರು) ಹಡಗು, 2016ರದ್ದು: 1,50,695 ಟನ್ನೇಜ್, ಸುಮಾರು 3,350 ಜನ. ರಾಯಲ್ ಕೆರಿಬಿಯನ್ ಸಿಂಗಾಪುರಕ್ಕೆ ಕಳಿಸೋ ಹಡಗು ಸೀಸನ್‌ಗೊಂದು ಬದಲಾಗುತ್ತೆ. ಉದಾಹರಣೆಗೆ ಸ್ಪೆಕ್ಟ್ರಮ್ ಆಫ್ ದ ಸೀಸ್ 2019ರದ್ದು: 1,69,379 ಟನ್ನೇಜ್, ಸುಮಾರು 4,250 ಜನ.

ಈ ಟನ್ನೇಜ್ ತೂಕದ ಲೆಕ್ಕ ಅಲ್ಲ, ಹಡಗಿನ ಒಳಗಿನ ಜಾಗದ ಅಳತೆ. ಅದನ್ನ ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಎಷ್ಟು ಜಾಗ ಅಂತ ಗೊತ್ತಾಗುತ್ತೆ. ಎಂಪ್ರೆಸ್‌ಗೆ ಸುಮಾರು 30, ಸ್ಪೆಕ್ಟ್ರಮ್‌ಗೆ 40, ಗೆಂಟಿಂಗ್ ಡ್ರೀಮ್‌ಗೆ 45. ಬಫೆ ಸಾಲು, ಲಿಫ್ಟ್ ಮುಂದೆ ಕಾಯೋದು, ಈಜುಕೊಳದ ಪಕ್ಕ ಕುರ್ಚಿ ಸಿಗೋದು ಎಲ್ಲಾ ಈ ಸಂಖ್ಯೆ ಮೇಲೆ ನಿಂತಿದೆ. ಶಾಲಾ ರಜೆಯಲ್ಲಿ ಕ್ಯಾಬಿನ್‌ಗಳ ಮೂರನೇ, ನಾಲ್ಕನೇ ಹಾಸಿಗೆಯೂ ತುಂಬೋದರಿಂದ ಇದು ಇನ್ನೂ ಇಳಿಯುತ್ತೆ. ದಸರಾ ಅಂದ್ರೆ ಅದೇ ಪರಿಸ್ಥಿತಿ.

ನಿಮ್ಮ ಮನೆಗೆ ನನ್ನ ಆಯ್ಕೆ ಗೆಂಟಿಂಗ್ ಡ್ರೀಮ್. ಭಾರತೀಯ ಸಸ್ಯಾಹಾರ, ಜೈನ ಊಟ ಅಲ್ಲಿ ನಿತ್ಯದ ಪದ್ಧತಿ. ಪೆನಾಂಗ್ ಅಥವಾ ಫುಕೆಟ್ ಕಡೆಯ ದಾರಿ ಮಲಕ್ಕಾ ಜಲಸಂಧಿಯಲ್ಲಿ ಹೋಗುತ್ತೆ, ಸುಮಾತ್ರಾ ದ್ವೀಪ ಅಡ್ಡ ಇರೋದರಿಂದ ದೊಡ್ಡ ಅಲೆ ಕಡಿಮೆ. ದೊಡ್ಡವನಿಗೆ ನೀರಿನ ಜಾರುಬಂಡಿ, ಹಗ್ಗದ ಸೇತುವೆ ಇವೆ. ರಾಯಲ್ ಕೆರಿಬಿಯನ್‌ನ ಕ್ವಾಂಟಮ್ ವರ್ಗದ ಹಡಗಲ್ಲಿ (ಸ್ಪೆಕ್ಟ್ರಮ್ ಇದೇ ವರ್ಗದ್ದು) ಇನ್ನೂ ಹೆಚ್ಚಿವೆ: ಅಲೆ ಮೇಲೆ ಸರ್ಫಿಂಗ್, ಗಾಳಿಯಲ್ಲಿ ತೇಲೋ ಯಂತ್ರ, ಬಂಪರ್ ಕಾರ್, ಸಮುದ್ರದಿಂದ ಸುಮಾರು 90 ಮೀಟರ್ ಎತ್ತರಕ್ಕೆ ಏರೋ ಗಾಜಿನ ಗೂಡು. ಒಂಬತ್ತು ವರ್ಷದ ಹುಡುಗನೊಬ್ಬನ ಮೇಲೇ ನಿರ್ಧಾರ ನಿಂತಿದ್ದರೆ ಅದನ್ನೇ ಹೇಳ್ತಿದ್ದೆ.

ಆದರೆ ಚಿಕ್ಕವಳನ್ನ ಮರೀಬೇಡಿ. ರಾಯಲ್ ಕೆರಿಬಿಯನ್‌ನ ಉಚಿತ ಮಕ್ಕಳ ಕ್ಲಬ್‌ಗೆ 3 ವರ್ಷ ತುಂಬಿರಬೇಕು, ಡೈಪರ್ ಬಿಟ್ಟಿರಬೇಕು. ಅದಕ್ಕಿಂತ ಚಿಕ್ಕವರಿಗೆ ನರ್ಸರಿ, ಅದಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು. ಡೈಪರ್ ಹಾಕೋ ಮಗುವನ್ನ ಮುಖ್ಯ ಈಜುಕೊಳಕ್ಕೂ ಬಿಡಲ್ಲ, ಈಜಿನ ಡೈಪರ್ ಇದ್ದರೂ ಅಷ್ಟೇ. ಮಗು ಅಳ್ತಾ ನಿಂತಾಗ ಸಿಬ್ಬಂದಿ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ, ಅದು ಆರೋಗ್ಯದ ನಿಯಮ.

ಅಪ್ಪ-ಅಮ್ಮನ ಪಾಸ್‌ಪೋರ್ಟ್ ಆಗಿಲ್ಲ ಅಂದ್ರೆ ಕಾರ್ಡೇಲಿಯಾದ ದೇಶದೊಳಗಿನ ಮಾರ್ಗವೇ ದಾರಿ. ಅಲ್ಲೂ ಜೈನ ಊಟ ಸಿಗುತ್ತೆ. ಆದರೆ ಲಕ್ಷದ್ವೀಪದ ಮಾರ್ಗ ಆರಿಸೋ ಮೊದಲು ಯೋಚಿಸಿ. ಅಲ್ಲಿನ ಅಗತ್ತಿ ದ್ವೀಪದಲ್ಲಿ ಹಡಗು ದಡಕ್ಕೆ ತಾಗಲ್ಲ. ಸಮುದ್ರದಲ್ಲೇ ಲಂಗರು ಹಾಕಿ ಚಿಕ್ಕ ದೋಣಿಗೆ ಇಳಿಸ್ತಾರೆ. ಮೇಲೆ ಕೆಳಗೆ ಆಡೋ ದೋಣಿಗೆ ಹೆಜ್ಜೆ ಇಡೋದು ಮಂಡಿನೋವಿರೋರಿಗೆ ಕಷ್ಟ. ಅಲೆ ಜೋರಾದರೆ ಆ ನಿಲ್ದಾಣವೇ ರದ್ದಾಗುತ್ತೆ.

ಪ್ರಶ್ನೆ (ರಾಜಾಜಿನಗರ):
ಜಾಹೀರಾತಲ್ಲಿ ಒಂದು ರೇಟು, ಕೊನೆಗೆ ಬಿಲ್ಲು ಬೇರೆ. ಯಾವುದನ್ನ ಯಾವುದಕ್ಕೆ ಹೋಲಿಸಬೇಕು?

ಸಲಹೆಗಾರರು:
ಜಾಹೀರಾತಿನ ರೇಟು ಸಾಮಾನ್ಯವಾಗಿ ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್‌ಗೆ, ಇಬ್ಬರು ಹಂಚಿಕೊಂಡಾಗ ಒಬ್ಬರ ಪಾಲು. ಅದಕ್ಕೆ ಬಂದರು ಶುಲ್ಕ ಮತ್ತು ತೆರಿಗೆ, ಟಿಪ್ಸ್, ವಿಮಾನ, ಹಡಗಿನ ಹಿಂದಿನ ರಾತ್ರಿಯ ಹೋಟೆಲ್, ವೀಸಾ, ವಿಮೆ, ವೈಫೈ, ಕುಡಿಯೋದು ಸೇರಿಸಿ. ಒಟ್ಟು ಮೊತ್ತವನ್ನ ರಾತ್ರಿಗಳ ಸಂಖ್ಯೆಯಿಂದ ಭಾಗಿಸಿ. ಹೋಲಿಸಬೇಕಾದ್ದು ಆ ಸಂಖ್ಯೆಗಳನ್ನ.

ಟಿಪ್ಸ್ ಅನ್ನ ಜನ ಲೆಕ್ಕಕ್ಕೇ ತಗೊಳಲ್ಲ. ಇದು ಇಷ್ಟ ಇದ್ದರೆ ಕೊಡೋ ಭಕ್ಷೀಸಲ್ಲ, ದಿನಕ್ಕೊಂದು ಬಾರಿ ಖಾತೆಗೆ ತಾನಾಗೇ ಬೀಳೋ ಮೊತ್ತ. ರಾಯಲ್ ಕೆರಿಬಿಯನ್ 2023ರ ನವೆಂಬರ್‌ನಲ್ಲಿ ಸಾಮಾನ್ಯ ಕ್ಯಾಬಿನ್‌ಗೆ ತಲೆಗೆ ದಿನಕ್ಕೆ 18 ಡಾಲರ್ ಮಾಡಿತು. ನಾಲ್ಕು ಜನ, ನಾಲ್ಕು ರಾತ್ರಿ ಅಂದ್ರೆ ಆ ದರದಲ್ಲಿ 288 ಡಾಲರ್. ಮಕ್ಕಳಿಗೂ ಅಷ್ಟೇ. ಡ್ರಿಂಕ್ಸ್ ಪ್ಯಾಕೇಜ್‌ಗೆ ಮೇಲೆ ಇನ್ನೊಂದು 18 ಶೇಕಡಾ. ಆ ಪ್ಯಾಕೇಜ್ ಒಬ್ಬರು ತಗೊಂಡರೆ ಕ್ಯಾಬಿನ್‌ನ ವಯಸ್ಕರೆಲ್ಲ ತಗೋಬೇಕು ಅನ್ನೋ ನಿಯಮವೂ ಇದೆ. ಗಂಡ ಕುಡೀತಾರೆ, ಹೆಂಡತಿ ಕುಡಿಯಲ್ಲ ಅನ್ನೋ ಮನೆಗೆ ಅದು ಬಹುತೇಕ ನಷ್ಟ. ಬಫೆಯ ನೀರು, ಕಾಫಿ, ಟೀ ಉಚಿತ.

ಏಜೆಂಟ್ ಹತ್ರ ವಿದೇಶಿ ಪ್ಯಾಕೇಜ್ ತಗೊಂಡರೆ ಜಿಎಸ್‌ಟಿ ಜೊತೆ ಟಿಸಿಎಸ್ ಕೂಡ ಹಿಡೀತಾರೆ. ಟಿಸಿಎಸ್ ಖರ್ಚಲ್ಲ, ಮುಂಗಡ ತೆರಿಗೆ. ನಿಮ್ಮ ಪ್ಯಾನ್ ಸರಿಯಾಗಿ ನಮೂದಾಗಿದೆಯಾ ನೋಡಿ, ಫಾರ್ಮ್ 26ಎಎಸ್‌ನಲ್ಲಿ (ನಿಮ್ಮ ಹೆಸರಲ್ಲಿ ಕಟ್ಟಿದ ತೆರಿಗೆಯ ಪಟ್ಟಿ) ಬಂದ ಮೇಲೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಿ.

ಹೋಟೆಲ್ ವಿಭಾಗದ ಸದಸ್ಯರು:
ಒಂದು ಸೇರಿಸ್ತೀನಿ. ಹಡಗಲ್ಲಿ ನಗದು ನಡೆಯಲ್ಲ, ಎಲ್ಲಾ ಕ್ಯಾಬಿನ್ ಕಾರ್ಡ್ ಮೇಲೆ. ಅದಕ್ಕೆ ಡೆಬಿಟ್ ಕಾರ್ಡ್ ಜೋಡಿಸಬೇಡಿ. ಖರ್ಚಾದಷ್ಟೂ ದುಡ್ಡನ್ನ ತಡೆಹಿಡೀತಾರೆ, ಹಡಗಿಂದ ಇಳಿದ ಮೇಲೂ ಆ ತಡೆ ಬಿಡಿಸಿಕೊಳ್ಳೋಕೆ ದಿನಗಟ್ಟಲೆ ಆಗುತ್ತೆ. ಕ್ರೆಡಿಟ್ ಕಾರ್ಡ್ ಕೊಡಿ, ಅದರಲ್ಲಿ ಅಂತಾರಾಷ್ಟ್ರೀಯ ವಹಿವಾಟು ಆನ್ ಮಾಡಿಸಿರಿ. ಬಿಲ್ಲನ್ನ ರೂಪಾಯಿಯಲ್ಲಿ ಕೊಡ್ತೀರಾ ಅಂತ ಕೇಳಿದರೆ ಬೇಡ ಅನ್ನಿ, ಆ ದರ ಯಾವಾಗಲೂ ಮೇಲಿರುತ್ತೆ.

ಪ್ರಶ್ನೆ (ಬಸವನಗುಡಿ):
ಮನೆ ಚಟ್ನಿಪುಡಿ, ಚಕ್ಲಿ, ಮಗುವಿಗೆ ಅನ್ನ ಮಾಡೋಕೆ ಚಿಕ್ಕ ಕುಕ್ಕರ್ ತಗೊಂಡು ಹೋಗಬಹುದಾ?

ಹೋಟೆಲ್ ವಿಭಾಗದ ಸದಸ್ಯರು:
ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ ಬೇಡವೇ ಬೇಡ. ಬಿಸಿಯಾಗೋ ಯಾವುದೇ ಉಪಕರಣವನ್ನ ಹತ್ತುವಾಗಲೇ ಸ್ಕ್ಯಾನರ್‌ನಲ್ಲಿ ಹಿಡಿದು ಇಟ್ಟುಕೊಳ್ತಾರೆ, ಕೊನೇ ದಿನ ವಾಪಸ್. ಸಮುದ್ರದ ಮಧ್ಯೆ ಬೆಂಕಿಗಿಂತ ದೊಡ್ಡ ಭಯ ಇಲ್ಲ. ರಾಯಲ್ ಕೆರಿಬಿಯನ್ 2024ರಿಂದ ಹಲವು ಪ್ಲಗ್ ಹಾಕೋ ಬೋರ್ಡ್‌ಗಳನ್ನೂ ನಿಲ್ಲಿಸಿದೆ. ಯುಎಸ್‌ಬಿ ಚಾರ್ಜರ್ ಸಾಕು.

ಮನೆಯಲ್ಲಿ ಮಾಡಿದ ತಿಂಡಿ ನಿಯಮದ ಪ್ರಕಾರ ಬಿಡಲ್ಲ. ಅಂಗಡಿಯಲ್ಲಿ ಸೀಲ್ ಮಾಡಿದ ಪ್ಯಾಕೆಟ್ ಚಟ್ನಿಪುಡಿ, ಚಕ್ಲಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಹಡಗಲ್ಲಿ ತೆರೆದ ಪ್ಯಾಕೆಟ್ ಹಿಡಿದು ದಡಕ್ಕೆ ಇಳೀಬೇಡಿ, ಬಂದರಿನ ಕಸ್ಟಮ್ಸ್‌ನವರು ಬಿಡಲ್ಲ.

ಊಟದ ವಿಷಯದಲ್ಲಿ ಬುಕಿಂಗ್‌ನಲ್ಲಿ ‘ವೆಜ್’ ಅಂತ ಬರೆಸಿದರೆ ಮುಗೀತು ಅಂದುಕೊಳ್ಳಬೇಡಿ. ಈರುಳ್ಳಿ ಬೆಳ್ಳುಳ್ಳಿ ಬೇಡ ಅಂದ್ರೆ ‘ಜೈನ್’ ಅಂತ ಬರೆಸಿ. ಆಲೂಗಡ್ಡೆ ನಡೆಯುತ್ತಾದರೆ ಅದನ್ನೂ ಹೇಳಿ, ಇಲ್ಲದಿದ್ದರೆ ಗಡ್ಡೆ ತರಕಾರಿ ಒಂದೂ ಬರಲ್ಲ. ಹತ್ತಿದ ದಿನವೇ ಮುಖ್ಯ ಊಟದ ಮನೆಗೆ ಹೋಗಿ ಮೇಲ್ವಿಚಾರಕರನ್ನ ನೋಡಿ. ಮರುದಿನದ ವಿಶೇಷ ಅಡುಗೆಯ ಪಟ್ಟಿ ಹಿಂದಿನ ರಾತ್ರಿಯೇ ಅಡುಗೆಮನೆಗೆ ಹೋಗುತ್ತೆ. ಕೂತ ಮೇಲೆ ಕೇಳಿದರೆ ಬೇಯಿಸಿದ ತರಕಾರಿ, ಅನ್ನವೇ ಗತಿ. ಬಫೆಯಲ್ಲಿ ಸೂಪು, ಗ್ರೇವಿಗಳನ್ನ ಕೇಳಿಯೇ ಹಾಕಿಕೊಳ್ಳಿ, ಎಷ್ಟೋ ಸಲ ಮಾಂಸ ಬೇಯಿಸಿದ ನೀರಿಂದ (ಸ್ಟಾಕ್) ಮಾಡಿರ್ತಾರೆ. ಅಲ್ಲಿಗೆ ಹೋಗೋ ಮುಂಚೆ ಸೋಪು ಹಾಕಿ ಕೈ ತೊಳೀರಿ. ಹಡಗಲ್ಲಿ ಹರಡೋ, ವಾಂತಿ-ಭೇದಿ ತರೋ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ತಾಗಲ್ಲ.

ಪ್ರಶ್ನೆ (ಯಲಹಂಕ):
ಸಿಂಗಾಪುರಕ್ಕೆ ವೀಸಾ ಒಂದಿದ್ದರೆ ಸಾಕಲ್ವಾ?

ಸಲಹೆಗಾರರು:
ಅದು ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸೋ ವೀಸಾ ಆಗಿರಬೇಕು. ವಿಮಾನದಲ್ಲಿ ಬಂದಿಳಿದಾಗ ಒಂದು ಪ್ರವೇಶ, ಹಡಗು ಪೆನಾಂಗ್ ಮುಟ್ಟಿ ವಾಪಸ್ ಬಂದಾಗ ಇನ್ನೊಂದು. ಇ-ವೀಸಾ ಪ್ರಿಂಟ್‌ನಲ್ಲಿ ‘ಮಲ್ಟಿಪಲ್’ ಅಂತ ಇದೆಯಾ, ಅವಧಿ ಹಡಗು ವಾಪಸಾಗೋ ದಿನವನ್ನೂ ದಾಟುತ್ತಾ ನೋಡಿ. ಎಸ್‌ಜಿ ಅರೈವಲ್ ಕಾರ್ಡ್ ಅನ್ನೋ ಸಿಂಗಾಪುರ ಪ್ರವೇಶದ ಆನ್‌ಲೈನ್ ಫಾರ್ಮನ್ನ ಪ್ರತಿ ಪ್ರವೇಶಕ್ಕೂ, ಬರೋ ದಿನ ಸೇರಿ ಮೂರು ದಿನದೊಳಗೆ ತುಂಬಬೇಕು. ಸರ್ಕಾರಿ ಜಾಲತಾಣದಲ್ಲಿ ಅದು ಉಚಿತ. ದುಡ್ಡು ಕೇಳಿದರೆ ನೀವು ಬೇರೆಲ್ಲೋ ಇದ್ದೀರಿ.

ದಾರಿಯ ದೇಶದಲ್ಲಿ ಇಳಿಯಲ್ಲ, ಹಡಗಲ್ಲೇ ಕೂತಿರ್ತೀವಿ ಅಂದರೂ ಆ ದೇಶದ ಪ್ರವೇಶ ನಿಯಮ ಪೂರೈಸಿರಬೇಕು. ಇಲ್ಲದಿದ್ದರೆ ಹತ್ತಿಸಿಕೊಳ್ಳಲ್ಲ, ದುಡ್ಡೂ ವಾಪಸ್ ಬರಲ್ಲ.

ಕೆಂಪೇಗೌಡ ನಿಲ್ದಾಣದಿಂದ ಚಾಂಗಿಗೆ ನಾಲ್ಕೂವರೆ ಗಂಟೆ ಹಾರಾಟ. ರಾತ್ರಿ ವಿಮಾನ ಹತ್ತಿ ಬೆಳಿಗ್ಗೆ ಇಳಿದು ಮಧ್ಯಾಹ್ನ ಹಡಗು ಅಂತ ಯೋಜನೆ ಹಾಕೋರು ಬಹಳ. ವಿಮಾನ ನಾಲ್ಕು ಗಂಟೆ ತಡವಾದರೆ ಎಲ್ಲಾ ಮುಗೀತು, ಹಡಗು ಕಾಯಲ್ಲ. ಒಂದು ರಾತ್ರಿ ಮೊದಲೇ ಹೋಗಿ. ಟರ್ಮಿನಲ್ ಯಾವುದು ಅಂತ ಟಿಕೆಟ್‌ನಲ್ಲಿ ಓದಿ: ಮರೀನಾ ಬೇ ಒಂದು, ಹಾರ್ಬರ್‌ಫ್ರಂಟ್‌ನಲ್ಲಿ ಇನ್ನೊಂದು.

ಪ್ರಶ್ನೆ (ವಿಜಯನಗರ):
ನಮ್ಮ ಮಂಗಳೂರಿಂದಲೇ ಹತ್ತೋಕೆ ಆಗಲ್ವಾ?

ಸಲಹೆಗಾರರು:
ನವಮಂಗಳೂರು ಬಂದರಿಗೆ ಕ್ರೂಸ್ ಹಡಗುಗಳು ಬರ್ತವೆ. ಪ್ರವಾಸಿಗರು ಮೂಡುಬಿದಿರೆ, ಕಾರ್ಕಳ ನೋಡಿ ಸಂಜೆಗೆ ವಾಪಸ್ ಹತ್ತುತ್ತಾರೆ. ಅದು ನಡುವಿನ ನಿಲ್ದಾಣ, ಪ್ರಯಾಣ ಶುರುವಾಗೋ ಬಂದರಲ್ಲ. ಬೆಂಗಳೂರಿನವರಿಗೆ ಹತ್ತಿರ ಅಂದ್ರೆ ಮುಂಬೈ, ಕೊಚ್ಚಿ, ಚೆನ್ನೈ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಒರಟು, ಆ ತಿಂಗಳುಗಳಲ್ಲಿ ಮುಂಬೈ ಕಡೆ ಯೋಚಿಸಬೇಡಿ.

ಪ್ರಶ್ನೆ (ಮಲ್ಲೇಶ್ವರ):
ಮಗ ಹ್ಯೂಸ್ಟನ್‌ನಲ್ಲಿದ್ದಾನೆ. ಹತ್ತಿರದ ಗ್ಯಾಲ್ವೆಸ್ಟನ್ ಬಂದರಿಂದ ಕ್ರೂಸ್‌ಗೆ ಒಂದು ವಾರ ಕರ್ಕೊಂಡು ಹೋಗ್ತೀನಿ ಅಂತಾನೆ. ಕಾರ್ನಿವಲ್, ರಾಯಲ್ ಕೆರಿಬಿಯನ್, ನಾರ್ವೇಜಿಯನ್ ಅಂತ ಮೂರು ಹೇಳ್ತಾನೆ. ನಮಗೆ 64, 60.

ಸಲಹೆಗಾರರು:
ಕಾರ್ನಿವಲ್ ಸಾಮಾನ್ಯವಾಗಿ ಮೂರರಲ್ಲಿ ಅಗ್ಗ. ಪಾರ್ಟಿ, ಸಂಗೀತ, ಗದ್ದಲ ಹೆಚ್ಚು. ಆದರೆ ಭಾರತೀಯ ಸಸ್ಯಾಹಾರ ಅದರ ಊಟದ ಮನೆಯಲ್ಲಿ ಬಹಳ ವರ್ಷದಿಂದ ಇದೆ. ನಾರ್ವೇಜಿಯನ್‌ನವರು 2000ದಿಂದ ನಿಗದಿತ ಊಟದ ಹೊತ್ತು, ನಿಗದಿತ ಮೇಜು ಅನ್ನೋ ಪದ್ಧತಿಯನ್ನ ಕೈಬಿಟ್ಟರು. ಒಳ್ಳೇ ರೆಸ್ಟೋರೆಂಟ್‌ಗಳಲ್ಲಿ ಅನೇಕಕ್ಕೆ ಬೇರೆ ದುಡ್ಡು. ಮೂವರೂ ಗಟ್ಟಿ ಕಂಪನಿಗಳೇ. ನಿಮ್ಮ ವಯಸ್ಸಿಗೆ ಮತ್ತು ಊಟಕ್ಕೆ, ಸಮುದ್ರದ ದಿನಗಳು ಹೆಚ್ಚಿರೋ ಈ ಮಾರ್ಗಕ್ಕೆ ಹೊಸ ಹಡಗು ಯಾರದ್ದಿದೆಯೋ ಅದನ್ನ ಆರಿಸಲಿ.

ಜೂನ್‌ನಿಂದ ನವೆಂಬರ್ ಅಲ್ಲಿ ಚಂಡಮಾರುತದ ಕಾಲ. ಹಡಗು ತಪ್ಪಿಸಿಕೊಂಡು ಹೋಗುತ್ತೆ, ಅಪಾಯ ಕಡಿಮೆ. ಆದರೆ ಮೆಕ್ಸಿಕೋದ ಕೊಜುಮೆಲ್ ಅಂತ ಹೊರಟಿದ್ದು ಇನ್ನೆಲ್ಲೋ ನಿಲ್ಲಬಹುದು, ಅದಕ್ಕೆ ಪರಿಹಾರ ಸಿಗಲ್ಲ. ನಿಮ್ಮ ಅಮೆರಿಕ ವೀಸಾ ಮಲ್ಟಿಪಲ್ ಇರಬೇಕು. ಮಗನ ಪಾಸ್‌ಪೋರ್ಟ್‌ನಲ್ಲಿರೋ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿದ್ದರೆ, ವಲಸೆ ವಕೀಲರನ್ನ ಕೇಳದೆ ಹಡಗು ಹತ್ತಬಾರದು. ಇದನ್ನ ಅವನಿಗೆ ಇವತ್ತೇ ಹೇಳಿ. ವಿಮೆ ತಗೊಳ್ಳುವಾಗ ಹಡಗಿಂದ ಆಸ್ಪತ್ರೆಗೆ ಸಾಗಿಸೋ ಖರ್ಚು ಮತ್ತು ಮೊದಲೇ ಇರೋ ಬಿಪಿ, ಸಕ್ಕರೆ ಕಾಯಿಲೆ ಎರಡೂ ಸೇರಿವೆಯಾ ಓದಿ. ಹಡಗಿನ ವೈದ್ಯರ ಪ್ರತಿ ಭೇಟಿಗೂ ಬಿಲ್ ಇದೆ.

ಹೋಟೆಲ್ ವಿಭಾಗದ ಸದಸ್ಯರು:
ಹಡಗು ಬಂದರು ಬಿಟ್ಟ ತಕ್ಷಣ ಎಲ್ಲರ ಫೋನೂ ಏರೋಪ್ಲೇನ್ ಮೋಡ್‌ಗೆ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ. ಹಡಗಿಗೆ ಅದರದ್ದೇ ಉಪಗ್ರಹ ಮೊಬೈಲ್ ನೆಟ್‌ವರ್ಕ್ ಇರುತ್ತೆ. ಫೋನ್ ಅದಕ್ಕೆ ತಾನಾಗೇ ಅಂಟಿಕೊಳ್ಳುತ್ತೆ, ದೇಶದ ಹೆಸರಲ್ಲಿ ಕೊಂಡ ರೋಮಿಂಗ್ ಪ್ಯಾಕ್ ಅಲ್ಲಿ ನಡೆಯಲ್ಲ.

ಪ್ರಶ್ನೆ (ಜಯನಗರ, ಮತ್ತೆ):
ಸಿಂಗಾಪುರ ಅಂತಲೇ ನಿರ್ಧಾರ ಆಯ್ತು. ಅಪ್ಪ-ಅಮ್ಮನಿಗೆ ಏಜೆಂಟ್ ಎರಡು ಕ್ಯಾಬಿನ್ ತೋರಿಸ್ತಿದ್ದಾರೆ. ಒಂದು ಮೇಲಿನ ಬಾಲ್ಕನಿ ಕ್ಯಾಬಿನ್, ಹಡಗಿನ ಮೂತಿ ಕಡೆ, ಬಫೆ ಇರೋ ಡೆಕ್‌ನ (ಮಹಡಿ) ನೇರ ಕೆಳಗೆ. ಇನ್ನೊಂದು ಮೂರು ಡೆಕ್ ಕೆಳಗೆ, ನಡುಭಾಗದಲ್ಲಿ ಲಿಫ್ಟ್‌ನಿಂದ ಐದನೇ ಬಾಗಿಲು, ಕಿಟಕಿ ಮಾತ್ರ, ಅರ್ಧ ಲೈಫ್‌ಬೋಟ್ ಅಡ್ಡ. ಬೆಲೆ ಕಡಿಮೆ.

ಸಲಹೆಗಾರರು:
ಎರಡನೇದು ತಗೊಳ್ಳಿ. ಹಡಗು ತಕ್ಕಡಿ ಹಾಗೆ ಆಡುತ್ತೆ: ಮೂತಿ, ಬಾಲದಲ್ಲಿ ಏರಿಳಿತ ಹೆಚ್ಚು, ನಡುವಲ್ಲಿ ಕಡಿಮೆ. ಮೇಲೆ ಹೋದಷ್ಟೂ ಪಕ್ಕದ ಓಲಾಟವೂ ಜಾಸ್ತಿ. ಪಕ್ಕದ ಓಲಾಟವನ್ನ ಹಡಗಿನ ಸ್ಟೆಬಿಲೈಸರ್ ರೆಕ್ಕೆಗಳು ತಡೀತವೆ, ಮೂತಿ ಏರಿಳಿಯೋದನ್ನ ಅವು ತಡೆಯಲ್ಲ. ಬಫೆ ಕೆಳಗಿನ ಕ್ಯಾಬಿನ್‌ನಲ್ಲಿ ಬೆಳಗಿನ ಜಾವ ಐದಕ್ಕೇ ಕುರ್ಚಿ ಎಳೆಯೋ ಸದ್ದು, ಟ್ರಾಲಿ ಸದ್ದು ಶುರುವಾಗುತ್ತೆ. ಅಪ್ಪನಿಗೆ ಲಿಫ್ಟ್ ಹತ್ತಿರ ಇರೋದೇ ದೊಡ್ಡ ಅನುಕೂಲ.

ಎರಡು ವಿಷಯ ಕೇಳಿಕೊಳ್ಳಿ. ಬೋಟ್ ಅರ್ಧ ಮಾತ್ರ ಅಡ್ಡ ಅನ್ನೋದು ಡೆಕ್ ಪ್ಲಾನ್‌ನಲ್ಲಿ ಗುರುತಾಗಿದೆಯಾ, ಏಜೆಂಟ್ ಬಾಯಿಮಾತಾ? ಕ್ಯಾಬಿನ್ ನಂಬರ್ ಈಗಲೇ ಬರೆದು ಕೊಡ್ತಾರಾ, ಇಲ್ಲಾ ‘ಗ್ಯಾರಂಟಿ’ ಅಂತ ಕೊಡ್ತಾರಾ? ಗ್ಯಾರಂಟಿ ಅಂದ್ರೆ ವರ್ಗ ಮಾತ್ರ ಖಚಿತ, ನಂಬರ್ ಕಂಪನಿ ಇಷ್ಟ. ನೀವು ನಾಲ್ಕು ಜನ ಒಂದು ಡೆಕ್‌ನಲ್ಲಿ, ಅಪ್ಪ-ಅಮ್ಮ ಇನ್ನೊಂದು ತುದಿಯಲ್ಲಿ ಆಗಬಹುದು. ನಿಮ್ಮ ನಾಲ್ವರ ಕ್ಯಾಬಿನ್ ಮೊದಲು ಹಿಡಿಯಿರಿ. ಲೈಫ್‌ಬೋಟ್ ಸೇರೋ ಜಾಗಕ್ಕೆ ಇಷ್ಟೇ ಜನ ಅನ್ನೋ ಮಿತಿ ಇರೋದರಿಂದ, ಕ್ಯಾಬಿನ್ ಖಾಲಿ ಇದ್ದರೂ ಮೂರು-ನಾಲ್ಕನೇ ಹಾಸಿಗೆ ಬೇಗ ಮುಗಿಯುತ್ತೆ.