ಭೋಸರಿ ಶೆಡ್: ಬಬಲ್ ಫಾಯಿಲ್ ಹಾಕಿದ ಮೇಲೂ ಪತ್ರಾದಿಂದ ಹನಿ, ಸೆಕೆಯೂ ಇಳಿದಿಲ್ಲ

ಭೋಸರಿ_ಲೇತ್:
ನಮಸ್ಕಾರ್ರಿ ಎಲ್ಲಾರಿಗೂ. ಪುಣೆ ಹತ್ತಿರದ ಭೋಸರಿ ಎಂಐಡಿಸಿ (ಮಹಾರಾಷ್ಟ್ರದ ಕೈಗಾರಿಕಾ ಪ್ರದೇಶ) ಒಳಗ 40 × 60 ಫೂಟಿನ ಶೆಡ್ ಐತಿ, ಅಂಚಿಗೆ 16 ಫೂಟು, ನಡುವ 20. ಮ್ಯಾಲೆ 0.5 ಮಿ.ಮೀ. ನೀಲಿ ಕಲರ್ ಕೋಟೆಡ್ ಪತ್ರಾ (ತಗಡು), ಅದನ್ನ ಹೊತ್ತ ಅಡ್ಡ ಪಟ್ಟಿ, ಅಂದ್ರ ಪರ್ಲಿನ್, 4 ಫೂಟಿಗೊಂದು. ಕಂಪ್ಯೂಟರ್ ಮ್ಯಾಲೆ ನಡಿಯೂ ಎರಡು ಸಿಎನ್‌ಸಿ ಲೇತ್, ಒಂದು ವಿಎಂಸಿ (ಮಿಲ್ಲಿಂಗ್ ಮಷಿನ್), ಮೂಲ್ಯಾಗ ವೆಲ್ಡಿಂಗ್. 4 ಮಿ.ಮೀ. ಬಬಲ್ ಫಾಯಿಲ್ (ಗಾಳಿಗುಳ್ಳಿ ಪ್ಲಾಸ್ಟಿಕ್‌ಗೆ ಹೊಳಿಯೂ ಪದರ ಹಚ್ಚಿದ್ದು) ಪತ್ರಾದ ಕೆಳಗ ಗಮ್ ಹಚ್ಚಿ ಅಂಟಿಸೇವಿ. ಏಪ್ರಿಲ್‌ನ್ಯಾಗ ಸೆಕೆ ಮೊದಲಿನಂಗ ಇತ್ತು. ಈಗ ಮಳಿಗಾಲದಾಗ ಮುಂಜಾನೆ ಬಾಗಿಲಾ ತಗದ್ರ ಫಾಯಿಲ್ ಜೋಡಣಿ ಇದ್ದಲ್ಲಿಂದ ತಟಕ್ ತಟಕ್ ಹನಿ, ಫಿನಿಶ್ ಆದ ಶಾಫ್ಟ್ ಮ್ಯಾಲೆ ತುಕ್ಕು. ಒಬ್ಬಾಂವ ಇನ್ನೊಂದು ಪದರ ಫಾಯಿಲ್ ಹಾಕ್ರಿ ಅಂತಾನ, ಒಬ್ಬಾಂವ ಗ್ಲಾಸ್‌ವೂಲ್, ಮತ್ತೊಬ್ಬಾಂವ ಪಫ್ (ಪಾಲಿಯುರೆಥೇನ್ ಫೋಮ್) ಸ್ಪ್ರೇ. ಯಾವುದು ಹಾಕಲಿ?

ತಗಡು_ಮಾಸ್ತರ:
ಎರಡನೇ ಪದರದ ಫಾಯಿಲ್ ಬೇಡವೇ ಬೇಡ, ಆ ದುಡ್ಡು ಉಳಿಸಿಕೊಳ್ಳಿ. ಮೊದಲು ಆ ನೀರು ಸೋರಿಕೆಯೋ ಬೆವರೋ (ತೇವದ ಗಾಳಿ ತಣ್ಣನೆಯ ತಗಡಿಗೆ ತಾಗಿ ಕಟ್ಟುವ ಹನಿ) ನೋಡಿ. ಮಳೆಯೇ ಬಾರದ ರಾತ್ರಿ ಕಳೆದು ಬೆಳಗ್ಗೆ ಹನಿ ಬಿದ್ದರೆ ಅದು ಬೆವರು. ಖಾತ್ರಿ ಬೇಕಿದ್ದರೆ ಹನಿ ಬೀಳುವ ಜಾಗದಲ್ಲಿ ಎರಡು ಫೂಟು ಫಾಯಿಲ್ ಕತ್ತರಿಸಿ ತೆಗೆಯಿರಿ. ತಗಡನ್ನು ಒರೆಸಿ ಒಣಗಿಸಿ, ಒಂದು ಫೂಟು ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ. ಮರುದಿನ ಹಾಳೆಯ ಕೆಳಮೈ ಒದ್ದೆಯಾಗಿದ್ದರೆ ಶೆಡ್ ಒಳಗಿನ ಗಾಳಿಯ ತೇವ. ಹಾಳೆಗೂ ತಗಡಿಗೂ ನಡುವೆ ನೀರು ತುಂಬಿ ಜೋತು ಬಿದ್ದಿದ್ದರೆ ಮೇಲಿನ ಸ್ಕ್ರೂ ಅಥವಾ ಓವರ್‌ಲ್ಯಾಪ್ ಸೋರುತ್ತಿದೆ. ಒಂದೇ ಕಡೆ ಅಲ್ಲ, ನಾಲ್ಕು ಕಡೆ ಮಾಡಿ.

ನಿಮ್ಮ ಫಾಯಿಲ್ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದು ಸರಳ. ಫಾಯಿಲ್‌ನ ಶಕ್ತಿಯೆಲ್ಲ ಅದರ ಹೊಳಪಿನಲ್ಲಿದೆ, ಹೊಳಪು ಕೆಲಸ ಮಾಡಬೇಕಾದರೆ ಅದರ ಎದುರಿಗೆ ಕನಿಷ್ಠ 20–25 ಮಿ.ಮೀ. ಗಾಳಿಯ ಅಂತರ ಬೇಕು. ತಗಡಿಗೆ ಮೈ ತಾಗಿಸಿ ಅಂಟಿಸಿದರೆ ಶಾಖ ನೇರವಾಗಿ ಹರಿದು ಬರುತ್ತದೆ, ಆಗ ಅದು ಬರೀ 4 ಮಿ.ಮೀ. ಪ್ಲಾಸ್ಟಿಕ್. ಕೆಳಮೈಯ ಹೊಳಪು ಒಂದಿಷ್ಟು ಶಾಖ ತಡೆಯುತ್ತದೆ ನಿಜ, ಆದರೆ ಸಿಎನ್‌ಸಿ ಇರುವ ಕಡೆ ಕೂಲೆಂಟ್ (ಕತ್ತರಿಸುವಾಗ ತಂಪು ಮಾಡುವ ದ್ರವ) ಆವಿ ಧೂಳಿನ ಜೊತೆ ಸೇರಿ ಅಂಟಿಕೊಂಡಿರುತ್ತದೆ. ಒಮ್ಮೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ, ಗೊತ್ತಾಗುತ್ತದೆ.

ಹನಿಯ ಕಾರಣ ಬೇರೆ. ತಗಡಿನ ಏಣುಗಳ (ಉಬ್ಬು ಪಟ್ಟಿಗಳ) ಟೊಳ್ಳಿನಲ್ಲಿ ಫಾಯಿಲ್ ಅಂಟುವುದೇ ಇಲ್ಲ. ಜೋಡಣೆಯಿಂದ ತೇವದ ಗಾಳಿ ಒಳಗೆ ಹೋಗಿ ತಣ್ಣನೆಯ ತಗಡಿಗೆ ಬೆವರಾಗಿ, ಜೋತ ಕಡೆ ಶೇಖರವಾಗಿ, ಮುಂದಿನ ಜೋಡಣೆಯಲ್ಲಿ ಇಳಿಯುತ್ತದೆ. ಹನಿ ಬೀಳುವ ಜಾಗವೇ ನೀರು ಹುಟ್ಟಿದ ಜಾಗ ಅಂತ ತಿಳಿಯಬೇಡಿ.

ಹನಿಲೆಕ್ಕ:
ಮಾಸ್ತರರ ಮಾತಿಗೆ ಅಂಕಿ ಜೋಡಿಸುತ್ತೇನೆ. ಶೆಡ್ ಒಳಗೆ 25 ಡಿಗ್ರಿ, ತೇವಾಂಶ ಶೇ. 85 ಇದ್ದರೆ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಯಾಗುವ ತಾಪಮಾನ, ಸುಮಾರು 22.3 ಡಿಗ್ರಿ. ಅಂದರೆ ತಗಡು ಗಾಳಿಗಿಂತ ಮೂರು ಡಿಗ್ರಿ ತಣ್ಣಗಾದರೂ ಸಾಕು, ಬೆವರು ಶುರು. ಪುಣೆಯ ಮಳೆಗಾಲದಲ್ಲಿ ಇದು ದಿನನಿತ್ಯದ ಮಾತು, ಮಳೆ ಸುರಿದರೆ ತಗಡು ಹತ್ತೇ ನಿಮಿಷದಲ್ಲಿ ತಣ್ಣಗಾಗುತ್ತದೆ. ಮಳೆ ನಿಂತು ಆಕಾಶ ತಿಳಿಯಾದ ಅಕ್ಟೋಬರ್ ರಾತ್ರಿಗಳಲ್ಲಿ ಇನ್ನೂ ಜೋರು, ಯಾಕೆಂದರೆ ತಗಡು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಾಗಾದಾಗ ಎಷ್ಟು ಎಕ್ಸಾಸ್ಟ್ ಫ್ಯಾನ್ ಹಾಕಿದರೂ ಹನಿ ನಿಲ್ಲುವುದಿಲ್ಲ.

ಇನ್ನು ಸೆಕೆ. ಏಪ್ರಿಲ್ ಮಧ್ಯಾಹ್ನ ತಗಡು 65, ಒಳಗೆ 38 ಅಂತ ಇಟ್ಟುಕೊಳ್ಳಿ. ಛಾವಣಿ 223 ಚದರ ಮೀಟರ್. ಬರೀ ತಗಡಿನಿಂದ ಸುಮಾರು 35 ಕಿಲೋವ್ಯಾಟ್ ಶಾಖ ಒಳಗೆ ಬರುತ್ತದೆ, 10 ಟನ್ ಎಸಿ ಎಳೆಯುವಷ್ಟು. 10 ಮಿ.ಮೀ. ಎಕ್ಸ್‌ಎಲ್‌ಪಿಇ (ಪಾಲಿಥೀನ್) ಫೋಮ್ ಹಾಕಿದರೆ 13 ಕಿಲೋವ್ಯಾಟ್. 25 ಮಿ.ಮೀ. ಪಫ್ ಹಾಕಿದರೆ 5. 50 ಮಿ.ಮೀ. ಗ್ಲಾಸ್‌ವೂಲ್ ಕಾಗದದ ಮೇಲೆ ಪಫ್‌ಗಿಂತ ಮುಂದಿದೆ, ಆದರೆ ಪರ್ಲಿನ್ ಮೇಲೆ ಹಾಸಿ ತಗಡು ಬಿಗಿದಾಗ ಪರ್ಲಿನ್ ಇದ್ದಲ್ಲೆಲ್ಲ ಹಪ್ಪಳದಂತೆ ಅಮುಕುತ್ತದೆ. ಕೊನೆಗೆ ಎರಡೂ ಹೆಚ್ಚು ಕಡಿಮೆ ಸಮ.

ಭೋಸರಿ_ಲೇತ್:
ನಾಲ್ಕು ಕಡೆ ಹಾಳಿ ಹಚ್ಚಿದ್ನಿರಿ. ನಾಲ್ಕೂ ಕಡೆ ಕೆಳಗಿನ ಮೈ ಹಸಿ. ಒಂದು ಕಡೆ ನಡುವನೂ ನೀರು, ಸ್ಕ್ರೂ ಬಾಜೂಕ. ಹಂಗಂದ್ರ ಎರಡೂ ಐತಿ ಅನಸ್ತೈತಿ. ಪತ್ರಾ ಬಿಚ್ಚೂದು ಆಗಾಂಗಿಲ್ರಿ, ಕೆಲಸ ನಿಲ್ಲತೈತಿ. ಕೆಳಗಿಂದ ಗ್ಲಾಸ್‌ವೂಲ್ ಕಟ್ಟಬಹುದೇನ್ರಿ? ಥರ್ಮಾಕೋಲ್ ಅಗ್ಗ ಆಗತೈತಿ ಅಂತನೂ ಅಂತಾರ.

ತಗಡು_ಮಾಸ್ತರ:
ಥರ್ಮಾಕೋಲ್ ಮಾತೇ ಬಿಡಿ. 80 ಡಿಗ್ರಿ ಹತ್ತಿರ ಮೆತ್ತಗಾಗುವ ವಸ್ತುವನ್ನು 65 ಡಿಗ್ರಿಯ ತಗಡಿಗೆ ಅಂಟಿಸುವುದು, ಅದೂ ವೆಲ್ಡಿಂಗ್ ಇರುವ ಶೆಡ್‌ನಲ್ಲಿ! ಸಾಲ್ವೆಂಟ್ ಗಮ್ ಹಚ್ಚಿದರೆ ಅದು ಅಲ್ಲೇ ಕರಗುತ್ತದೆ ಕೂಡ.

ಕೆಳಗಿಂದ ಗ್ಲಾಸ್‌ವೂಲ್ ಕಟ್ಟಿದರೆ ತಗಡಿಗೂ ಉಣ್ಣೆಗೂ ನಡುವೆ ಪರ್ಲಿನ್ ಎತ್ತರದ ಟೊಳ್ಳು ಉಳಿಯುತ್ತದೆ. ಕೆಳಗಿನ ಫಾಯಿಲ್ ಪದರದಲ್ಲಿ ಒಂದು ಟೇಪ್ ಬಿಟ್ಟುಕೊಂಡರೂ ಈಗಿನ ಕಥೆಯೇ ಪುನಃ, ಈ ಸಲ ಉಣ್ಣೆ ನೀರು ಕುಡಿದು ಭಾರವಾಗಿ, ಅದನ್ನು ಹೊತ್ತ ತಂತಿ ಜಾಲಿ ಸಮೇತ ಜೋತು ಬೀಳುತ್ತದೆ. ಒದ್ದೆಯಾದ ಉಣ್ಣೆ ಶಾಖವನ್ನೂ ತಡೆಯುವುದಿಲ್ಲ.

ತಗಡು ಬಿಚ್ಚದೆ ಹನಿ ನಿಲ್ಲಬೇಕಾದರೆ ತಗಡಿಗೂ ಗಾಳಿಗೂ ಸಂಬಂಧವೇ ಇರಬಾರದು. ಏಣಿನ ಟೊಳ್ಳನ್ನೂ ತುಂಬಿ ಮೈಗೆ ಅಂಟುವುದು ಸ್ಪ್ರೇ ಪಫ್ ಮಾತ್ರ. ನಿಮಗೆ ಕ್ಲೋಸ್ಡ್ ಸೆಲ್ (ಒಳಗಿನ ಗುಳ್ಳೆಗಳು ಮುಚ್ಚಿರುವುದು), ಘನ ಮೀಟರ್‌ಗೆ 40–45 ಕೆಜಿ ಸಾಂದ್ರತೆ, 25 ಮಿ.ಮೀ. ದಪ್ಪ. ಕೊಟೇಶನ್‌ನಲ್ಲಿ ಈ ಮೂರೂ ಬರೆಸಿಕೊಳ್ಳಿ. ಓಪನ್ ಸೆಲ್ ಹೊಡೆದು ಹೋದರೆ ಅದು ಸ್ಪಂಜು.

ಹಳೆಯ ಫಾಯಿಲ್ ಪೂರ್ತಿ ಕಿತ್ತು, ಉಳಿದ ಗಮ್ ಅನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ತೆಗೆಯಿರಿ. ತಂತಿ ಬ್ರಶ್ ಮುಟ್ಟಿಸಬೇಡಿ, ಕೋಟಿಂಗ್ ಹೋದಲ್ಲಿ ತುಕ್ಕು ಹಿಡಿಯುತ್ತದೆ. ಎಣ್ಣೆಯ ಪಸೆ ಉಳಿದರೆ ಫೋಮ್ ದೋಸೆಯ ಹಾಗೆ ಎದ್ದು ಬರುತ್ತದೆ, ಆದ್ದರಿಂದ ಡಿಗ್ರೀಸರ್‌ನಿಂದ ಒರೆಸಿ ಒಣಗಿಸಲೇಬೇಕು. ಮೊದಲು ಎರಡು ಫೂಟು ಚೌಕ ಹೊಡೆಸಿ, ಮರುದಿನ ಚಾಕುವಿನಿಂದ ಎಬ್ಬಿಸಿ ನೋಡಿ. ಫೋಮ್ ಹರಿದು ತಗಡಿನ ಮೇಲೆ ಸ್ವಲ್ಪ ಉಳಿದರೆ ಹಿಡಿತ ಸರಿ, ಚಕ್ಕೆಯಾಗಿ ಎದ್ದು ಕೆಳಗೆ ಬರೀ ತಗಡು ಕಂಡರೆ ಮತ್ತೆ ತೊಳೆಯಬೇಕು. 25 ಮಿ.ಮೀ. ಅನ್ನು ಎರಡು ಪದರದಲ್ಲಿ ಹೊಡೆಸಿ. ಒಂದೇ ಏಟಿಗೆ ದಪ್ಪ ಹೊಡೆದರೆ ಒಳಗೆ ಬಿಸಿಯೇರಿ, ಆಮೇಲೆ ಕುಗ್ಗಿ ತಗಡಿನಿಂದ ಬಿಡುತ್ತದೆ.

ಹನಿಲೆಕ್ಕ:
ಮೋಸ ಆಗುವುದು ದಪ್ಪದಲ್ಲೇ. ಇಳಿಜಾರು, ಏಣು ಎಲ್ಲ ಸೇರಿ 240 ಚದರ ಮೀಟರ್ ಹಿಡಿದರೆ 25 ಮಿ.ಮೀ.ಗೆ 6 ಘನ ಮೀಟರ್ ಫೋಮ್, ಅಂದರೆ ಸುಮಾರು 250 ಕೆಜಿ. ವೇಸ್ಟೇಜ್ ಸೇರಿ 280ರ ಆಸುಪಾಸು ಮಾಲು ಖರ್ಚಾಗಲೇಬೇಕು. ಡ್ರಮ್ ತೂಕ ಮೊದಲೂ ಕೊನೆಗೂ ಬರೆದಿಡಿ. 150 ಕೆಜಿಯಲ್ಲಿ ಮುಗಿಸಿದರೆ ನಿಮಗೆ ಸಿಕ್ಕಿದ್ದು ಸುಮಾರು 13 ಮಿ.ಮೀ. ಅಷ್ಟೇ. ದಬ್ಬಣಕ್ಕೆ 25ರಲ್ಲಿ ಗುರುತು ಹಾಕಿ, ಹತ್ತು ಚದರ ಮೀಟರ್‌ಗೊಂದು ಕಡೆ ಚುಚ್ಚಿ ನೋಡಿ.

ವೆರ್ಣಾ_ಗೋವಾ:
ಮಾರಾಯ್ರೇ, ಸ್ಪ್ರೇ ಹೊಡೆಸುವ ಮುಂಚೆ ಸ್ಕ್ರೂ ಸರಿ ಮಾಡಿಸಿ. ಫೋಮ್ ಬಂದ ಮೇಲೆ ಸೋರಿಕೆ ಕಾಣುವುದಿಲ್ಲ, ನೀರು ಫೋಮ್ ಹಿಂದೆ ಹರಿದು ತಗಡನ್ನು ತಿಂದು ಮುಗಿಸಿದ ಮೇಲೆಯೇ ಗೊತ್ತಾಗುವುದು. ಸ್ಕ್ರೂವಿನ ಇಪಿಡಿಎಂ (ರಬ್ಬರ್) ವಾಶರ್ ಒಣಗಿ ಬಿರಿದಿದ್ದರೆ ಒಂದು ಸೈಜು ದಪ್ಪದ ಹೊಸ ಸ್ಕ್ರೂ ಹಾಕಿಸಿ. ರಬ್ಬರ್ ಲೋಹದ ವಾಶರ್ ಅಂಚಿಗೆ ಬಂದು ನಿಲ್ಲುವಷ್ಟು ಬಿಗಿ ಸಾಕು, ಹೊರಗೆ ಚಿಮ್ಮಿದರೆ ಜಾಸ್ತಿಯಾಯಿತು. ಬಿಗಿದ ಮೇಲೆ ಪೈಪ್ ಹಿಡಿದು ನೀರು ಬಿಟ್ಟು ಒಳಗಿಂದ ನೋಡಿ.

ನಮ್ಮ ಗೋವಾದ ಕಡೆ ಹೊಸ ಶೆಡ್ ಕಟ್ಟುವವರಿಗೆ ಬೇರೆ ಮಾತು. ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ, ಮೇಲೆ ಉಪ್ಪುಗಾಳಿ. ಅವರು ಮೊದಲೇ 50 ಮಿ.ಮೀ. ಸ್ಯಾಂಡ್‌ವಿಚ್ ಪ್ಯಾನೆಲ್ (ಎರಡು ತಗಡಿನ ನಡುವೆ ಫೋಮ್ ಇರುವುದು) ಹಾಕಿದರೆ ತಲೆನೋವು ಕಡಿಮೆ. ಮತ್ತೊಂದು, ತಗಡು ಗ್ಯಾಲ್ವಾಲ್ಯೂಮ್ (ಅಲ್ಯೂಮಿನಿಯಂ-ಸತು ಲೇಪದ್ದು) ಆಗಿದ್ದರೆ ಎಸಿಯ ತಾಮ್ರದ ಪೈಪಿನ ನೀರು ಅದರ ಮೇಲೆ ಬೀಳದಂತೆ ನೋಡಿಕೊಳ್ಳಿ, ಅಷ್ಟಕ್ಕೇ ತೂತು ಬೀಳುತ್ತದೆ.

ಭೋಸರಿ_ಲೇತ್:
ಭಾಳ ಉಪಕಾರ ಆತ್ರಿ. ವೆಲ್ಡಿಂಗ್ ಮೂಲಿ ಮ್ಯಾಲೂ ಪಫ್ ಹೊಡಸಬಹುದೇನು? ಮತ್ತ ಈಗ ಮಳ್ಯಾಗ ಹೊಡೀಬಹುದಾ?

ತಗಡು_ಮಾಸ್ತರ:
ವೆಲ್ಡಿಂಗ್ ಮೇಲೆ ಬೇಡ. ಆ ಮೂಲೆಯ ಸುತ್ತ ಕಿಡಿ ತಲುಪದಷ್ಟು ಜಾಗ ಬಿಟ್ಟು, ಅಲ್ಲಿ 50 ಮಿ.ಮೀ. ರಾಕ್‌ವೂಲ್ (ಬೆಂಕಿ ಹತ್ತದ ಕಲ್ಲುನಾರಿನ ಹಾಸು), ಘನ ಮೀಟರ್‌ಗೆ 48 ಕೆಜಿಯದ್ದು, ಫಾಯಿಲ್ ಮೈ ಕೆಳಗೆ ಮಾಡಿ ಜಿಐ ಜಾಲಿಯ ಮೇಲೆ ಕೂರಿಸಿ, ಜೋಡಣೆಗೆಲ್ಲ ಅಲ್ಯೂಮಿನಿಯಂ ಟೇಪ್ ಹಚ್ಚಿ. ಟೊಳ್ಳು ಉಳಿಯುತ್ತದೆ ಅಂತ ನಾನೇ ಬೈದೆ, ಗೊತ್ತು. ಅಲ್ಲಿ ನಾಲ್ಕು ಹನಿ ಬಿದ್ದರೂ ನಡೆಯುತ್ತದೆ, ಆದರೆ ಬೆಂಕಿ ಹತ್ತಿಕೊಂಡರೆ ಶೆಡ್ಡೇ ಹೋಗುತ್ತದೆ. ಉಳಿದ ಪಫ್ ಮೇಲೆ ಅಗ್ನಿನಿರೋಧಕ ಲೇಪ ಕಡ್ಡಾಯ. ವೈರುಗಳನ್ನು ಫೋಮ್ ಒಳಗೆ ಹೂಳಬೇಡಿ, ಮೊದಲೇ ಕಂಡ್ಯೂಟ್ ಹಾಕಿ ಕೆಳಗಿಳಿಸಿ. ನಿಜವಾದ ಅಪಾಯ ಆಮೇಲೆ ಬರುವುದು: ಎರಡು ವರ್ಷ ಬಿಟ್ಟು ಯಾರೋ ಪೈಪಿನ ಹ್ಯಾಂಗರ್‌ಗೆಂದು ಪರ್ಲಿನ್‌ಗೆ ವೆಲ್ಡಿಂಗ್ ಹಚ್ಚುತ್ತಾರೆ. ಮುಂದೆ ಏನೇ ತೂಗುಹಾಕುವುದಿದ್ದರೂ ಕ್ಲಾಂಪ್ ಮಾತ್ರ ಅಂತ ಗೋಡೆಯ ಮೇಲೆ ಬರೆಸಿ.

ಮಳೆಯಲ್ಲಿ ಹೊಡೆಸಬೇಡಿ, ಒದ್ದೆ ತಗಡಿಗೆ ಫೋಮ್ ಹಿಡಿಯುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಸಮಯ, ಆದರೆ ಚಳಿಯ ಬೆಳಗ್ಗೆ ತಗಡು 10–12 ಡಿಗ್ರಿ ಇರುತ್ತದೆ, ಬಿಸಿಲೇರಿ 15 ದಾಟಿದ ಮೇಲೆ ಶುರು ಮಾಡಲಿ. ಮಷಿನ್‌ಗಳಿಗೆ ಪೂರ್ತಿ ಪ್ಲಾಸ್ಟಿಕ್ ಹೊದಿಸಿ, ಗಾಳಿಯಲ್ಲಿ ತೇಲಿದ ಫೋಮ್ ಸ್ಲೈಡ್‌ವೇ (ಮಷಿನ್‌ನ ಜಾರುಮೈ) ಮೇಲೆ ಕೂತರೆ ಕೀಳಲು ಜೀವ ಹೋಗುತ್ತದೆ. ಹೊಡೆಯುವಾಗ ಶೆಡ್‌ನಲ್ಲಿ ಬೇರೆ ಯಾರೂ ಇರಬಾರದು.

ಅಲ್ಲಿಯವರೆಗೆ ಫಿನಿಶ್ ಆದ ಶಾಫ್ಟ್‌ಗೆ ತುಕ್ಕುನಿರೋಧಕ ಎಣ್ಣೆ ಹಚ್ಚಿ ವಿಸಿಐ (ತುಕ್ಕು ತಡೆಯುವ) ಕವರ್‌ನಲ್ಲಿಡಿ, ಮಷಿನ್ ಮೇಲೆ ಫಾಯಿಲ್ ಜೋತಿರುವ ಕಡೆ ಸೂಜಿ ಚುಚ್ಚಿ ಕೆಳಗೆ ಬಕೆಟ್ ಇಡಿ, ರಾತ್ರಿ ಕೂಲೆಂಟ್ ಟ್ಯಾಂಕ್ ಮುಚ್ಚಿ.

ಹನಿಲೆಕ್ಕ:
ಒಂದು ಸೇರಿಸುತ್ತೇನೆ. ನೆಲದ ಕಾಂಕ್ರೀಟ್ ಕೆಳಗೆ ಪಾಲಿಥೀನ್ ಹಾಳೆ ಹಾಕದಿದ್ದರೆ ತೇವ ನೆಲದಿಂದಲೂ ಏಳುತ್ತದೆ. 18 ಇಂಚು ಚೌಕದ ಪ್ಲಾಸ್ಟಿಕ್ ಅನ್ನು ನೆಲಕ್ಕೆ ಟೇಪ್ ಮಾಡಿ 16 ಗಂಟೆ ಬಿಡಿ. ಅಡಿಯಲ್ಲಿ ನೀರು ಕಟ್ಟಿದರೆ ನೆಲಕ್ಕೆ ಎಪಾಕ್ಸಿ ಲೇಪವನ್ನೂ ಬಜೆಟ್‌ನಲ್ಲಿ ಸೇರಿಸಿ, ಆದರೆ ಅಂಥ ನೆಲಕ್ಕೆ ತೇವ ತಡೆಯುವ ಪ್ರೈಮರ್ ಇಲ್ಲದೆ ಎಪಾಕ್ಸಿ ಹಾಕಿದರೆ ಬೊಕ್ಕೆ ಏಳುತ್ತದೆ.